ಡ್ರ್ಯಾಗನ್‌ಗೆ ಕಾಲು ಎಷ್ಟು? ಬೊಂಬೆ ಸಂಗ್ರಾಹಕರ ಪ್ರಶ್ನೆಗಳಿಗೆ ಉತ್ತರ

ಕಾಲ್ಪನಿಕ ಪ್ರಾಣಿಗಳ ಪುಟ್ಟ ಬೊಂಬೆಗಳನ್ನು ಕೂಡಿಡುವ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸಂಗ್ರಾಹಕರ ನಡುವಿನ ಮಾತುಕತೆಯಿಂದಲೇ ಹುಟ್ಟಿದವು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪದೆ, ವ್ಯಾಜ್ಯ ನಮ್ಮ ಮೇಜಿಗೆ ಬಂದಿದೆ.

ಪ್ರಶ್ನೆ: ಹೊಸದಾಗಿ ಕೊಂಡ ಡ್ರ್ಯಾಗನ್ ಬೊಂಬೆಯನ್ನು ಗುಂಪಿನಲ್ಲಿ ತೋರಿಸಿದಾಗ, ಅದಕ್ಕೆ ಎರಡೇ ಕಾಲು ಇರುವುದರಿಂದ ಅದು ಡ್ರ್ಯಾಗನ್ ಅಲ್ಲ, ವೈವರ್ನ್ ಎಂದು ಹಿರಿಯ ಸದಸ್ಯರೊಬ್ಬರು ಎಲ್ಲರೆದುರು ತಿದ್ದಿದರು. ಪೆಟ್ಟಿಗೆಯ ಮೇಲೆ ಡ್ರ್ಯಾಗನ್ ಎಂದೇ ಅಚ್ಚಾಗಿದೆ. ಯಾರು ಸರಿ?

ಉತ್ತರ: ಇಬ್ಬರೂ ಸರಿ ಎಂದು ಜಾರಿಕೊಳ್ಳಬಹುದಿತ್ತು, ಆದರೆ ತಕ್ಕಡಿ ನಿಮ್ಮ ಕಡೆಗೇ ವಾಲುತ್ತದೆ. ನಾಲ್ಕು ಕಾಲು, ಎರಡು ರೆಕ್ಕೆ ಇದ್ದರೆ ಡ್ರ್ಯಾಗನ್, ಎರಡು ಕಾಲು, ಎರಡು ರೆಕ್ಕೆ ಇದ್ದರೆ ವೈವರ್ನ್ ಎಂಬ ವಿಂಗಡಣೆ ಬ್ರಿಟಿಷ್ ವಂಶಲಾಂಛನಗಳ ಶಾಸ್ತ್ರಕ್ಕೆ ಸೇರಿದ್ದು. ಗುರಾಣಿಯ ಮೇಲಿನ ಪ್ರಾಣಿಯನ್ನು ಬರಿಯ ಮಾತಿನಲ್ಲಿ ವರ್ಣಿಸಿದರೂ ಚಿತ್ರಕಾರನು ತಪ್ಪಿಲ್ಲದೆ ಬರೆಯಬೇಕಾಗಿದ್ದ ಆ ಲೋಕದಲ್ಲಿ ಅಂಥ ಕಟ್ಟುನಿಟ್ಟು ಬೇಕಿತ್ತು. ಯೂರೋಪಿನ ಉಳಿದ ಕಡೆ ಅದನ್ನು ಅಷ್ಟಾಗಿ ಪಾಲಿಸಿಲ್ಲ. ಇಟಲಿಯ ಪಾವೊಲೊ ಉಚ್ಚೆಲ್ಲೊ ಸುಮಾರು 1470ರಲ್ಲಿ ಬರೆದ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಚಿತ್ರದಲ್ಲಿ ಸಂತ ಜಾರ್ಜ್ ಈಟಿಯಿಂದ ತಿವಿಯುತ್ತಿರುವ ಡ್ರ್ಯಾಗನ್‌ಗೂ ಕಾಲು ಎರಡೇ. ಅದನ್ನು ವೈವರ್ನ್ ಎಂದು ತಿದ್ದಲು ಯಾರೂ ಹೋಗುವುದಿಲ್ಲ.

ಹಾಗೆಂದು ಆ ಪದವನ್ನು ಗುಂಪಿನಿಂದ ಹೊರಗಟ್ಟುವುದೂ ಬೇಡ. ಹುಡುಕುವಾಗ, ವಿನಿಮಯ ಮಾಡುವಾಗ ‘ವೈವರ್ನ್’ ಎಂದೊಡನೆ ಬೊಂಬೆಯ ಆಕಾರ ಕಣ್ಣ ಮುಂದೆ ನಿಲ್ಲುತ್ತದೆ. ಇನ್ನೊಂದು ಮಾತು: ಎರಡು ಕಾಲಿನ ಬೊಂಬೆಗಳು ಸಾಮಾನ್ಯವಾಗಿ ಬಾಲವನ್ನೋ ರೆಕ್ಕೆಯ ಗಿಣ್ಣನ್ನೋ ಮೂರನೆಯ ಕಾಲಾಗಿ ಊರಿ ನಿಲ್ಲುತ್ತವೆ. ನಿಮ್ಮದು ಮುಂದಕ್ಕೆ ವಾಲುತ್ತಿದೆಯೇ ಎಂದು ಆ ಹಿರಿಯರು ಕೇಳಿದ್ದರೆ ಹೆಚ್ಚು ಉಪಕಾರವಾಗುತ್ತಿತ್ತು.

ಪ್ರಶ್ನೆ: ಮಾರುವವರು ತಮ್ಮ ಗ್ರಿಫಿನ್ (ಹದ್ದಿನ ತಲೆ, ರೆಕ್ಕೆ ಇರುವ, ಸಿಂಹದ ಮೈಯ ಕಾಲ್ಪನಿಕ ಪ್ರಾಣಿ) ಬೊಂಬೆಯ ಹೊಟ್ಟೆಯ ಮೇಲಿರುವ ಇಸವಿಯನ್ನು ತೋರಿಸಿ, ಅದು ಆ ವರ್ಷವೇ ತಯಾರಾದದ್ದು ಎನ್ನುತ್ತಿದ್ದಾರೆ. ನಂಬಬಹುದೇ?

ಉತ್ತರ: ನಂಬಬೇಡಿ. ಆ ಇಸವಿ ಸಾಮಾನ್ಯವಾಗಿ ಮೂಲ ಶಿಲ್ಪದ ಹಕ್ಕುಸ್ವಾಮ್ಯದ ವರ್ಷವೇ ಹೊರತು ನಿಮ್ಮ ಕೈಯಲ್ಲಿರುವ ಬೊಂಬೆ ಅಚ್ಚಿನಿಂದ ಹೊರಬಂದ ವರ್ಷವಲ್ಲ. ಅದೇ ಅಚ್ಚಿನಲ್ಲಿ, ಅದೇ ಇಸವಿಯನ್ನು ಹೊತ್ತು, ಎಷ್ಟೋ ವರ್ಷ ಬೊಂಬೆಗಳು ಬರುತ್ತಲೇ ಇರುತ್ತವೆ. ಕಾಲವನ್ನು ಹೇಳಲು ಬೇರೆ ಗುರುತುಗಳೇ ಮೇಲು. ಉದಾಹರಣೆಗೆ, ಜರ್ಮನಿಯ ಶ್ಲೈಕ್ ಕಂಪನಿಯ ಬೊಂಬೆಯೊಂದರ ಮೇಲೆ ‘ಪಶ್ಚಿಮ ಜರ್ಮನಿ’ ಎಂಬ ಬರಹವಿದ್ದರೆ, ಆ ಬೊಂಬೆಯ ಅಚ್ಚನ್ನು ಕೊರೆದದ್ದು 1990ರ ಏಕೀಕರಣಕ್ಕೆ ಮೊದಲು ಎಂದಾದರೂ ಧೈರ್ಯವಾಗಿ ಹೇಳಬಹುದು.

ಪ್ರಶ್ನೆ: ಎರಡು ವರ್ಷ ಪೆಟ್ಟಿಗೆಯಲ್ಲಿಟ್ಟಿದ್ದ ನನ್ನ ಪ್ಲಾಸ್ಟಿಕ್ ಯೂನಿಕಾರ್ನ್ ಮುಟ್ಟಿದರೆ ಕೈಗೆ ಅಂಟುತ್ತದೆ. ಒಬ್ಬರು ಸ್ಪಿರಿಟ್‌ನಿಂದ ಒರೆಸಿ ಎಂದರು, ಇನ್ನೊಬ್ಬರು ಪೌಡರ್ ಸವರಿ ಎಂದರು. ಯಾವುದು ಸರಿ?

ಉತ್ತರ: ಎರಡೂ ಬೇಡ. ಗಡಸಾದ ಪಿವಿಸಿ ಪ್ಲಾಸ್ಟಿಕ್ಕನ್ನು ಮೆದುವಾಗಿಸಲು ಅದರೊಳಗೆ ಬೆರೆಸಿರುವ ಪ್ಲಾಸ್ಟಿಸೈಸರ್ ಎಂಬ ವಸ್ತುವು ಕಾಲಕ್ರಮದಲ್ಲಿ ಮೇಲ್ಮೈಗೆ ಜಿನುಗುತ್ತದೆ, ಶಾಖವಿದ್ದರೆ ಇನ್ನೂ ಬೇಗ ಜಿನುಗುತ್ತದೆ, ಮುಚ್ಚಿದ ಪೆಟ್ಟಿಗೆಯಲ್ಲಿ ಆರಿಹೋಗಲು ಎಡೆಯಿಲ್ಲದೆ ಅಲ್ಲೇ ಪದರವಾಗಿ ನಿಲ್ಲುತ್ತದೆ. ನಿಮ್ಮ ಬೆರಳಿಗೆ ಅಂಟುತ್ತಿರುವುದು ಅದೇ. ಸ್ಪಿರಿಟ್ ಆ ಪದರದ ಜೊತೆಗೆ ಬಣ್ಣವನ್ನೂ ಎತ್ತಿಬಿಡಬಹುದು, ಮೊದಲು ಹೋಗುವುದು ಕಣ್ಣಿನ ಸಣ್ಣ ಚುಕ್ಕೆ. ಪೌಡರ್ ಆ ಜಿಡ್ಡಿನೊಡನೆ ಕಲೆತು ಕೇಸರದ ಗೆರೆಗಳಲ್ಲಿ ಹಿಟ್ಟಿನಂತೆ ಕೂರುತ್ತದೆ, ಆಮೇಲೆ ಅದನ್ನು ಕೆದಕುವ ಕೆಲಸವೇ ಬೇರೆ.

ಉಗುರುಬೆಚ್ಚನೆಯ ನೀರಿಗೆ ಪಾತ್ರೆ ತೊಳೆಯುವ ಸೌಮ್ಯ ಸೋಪಿನ ಎರಡು ಹನಿ ಹಾಕಿ, ಮೆತ್ತನೆಯ ಬ್ರಷ್‌ನಿಂದ ಕೊಂಬಿನ ಸುರುಳಿಯ ಉದ್ದಕ್ಕೂ ಕೇಸರದ ಎಳೆಗಳ ನಡುವೆಯೂ ನಿಧಾನವಾಗಿ ಉಜ್ಜಿ, ತೊಳೆದು, ಬಿಸಿಲಿಲ್ಲದ ಗಾಳಿಯಲ್ಲಿ ಒಣಗಿಸಿ. ಕೆಲವು ತಿಂಗಳ ಬಳಿಕ ಮತ್ತೆ ಅಂಟಾದೀತು, ಮತ್ತೆ ತೊಳೆಯಿರಿ. ಕಾಲು ಬಾಗಿದ್ದರೆ ಅದೇ ಸಂದರ್ಭದಲ್ಲಿ ನೆಟ್ಟಗೆ ಮಾಡಬಹುದು: ಕುದಿಯದ, ಆದರೆ ಚೆನ್ನಾಗಿ ಬಿಸಿಯಾದ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ಮೆದುವಾದ ಕಾಲನ್ನು ಸರಿಪಡಿಸಿ, ಹಿಡಿದಂತೆಯೇ ತಣ್ಣೀರಿಗೆ ಇಳಿಸಿ. ರೆಸಿನ್ (ದ್ರವವಾಗಿ ಅಚ್ಚಿಗೆ ಎರೆದು ಗಟ್ಟಿಯಾಗಿಸುವ ಕೃತಕ ರಾಳ) ಬೊಂಬೆಗೆ ಮಾತ್ರ ಈ ಉಪಾಯ ಬೇಡ, ಅದು ಬಾಗುವ ಬದಲು ಮುರಿಯುತ್ತದೆ.

ಪ್ರಶ್ನೆ: ಮರದ ಬೀರುವಿನಲ್ಲಿಟ್ಟ ಹಳೆಯ ಲೋಹದ ಡ್ರ್ಯಾಗನ್ ಮೇಲೆ ಬಿಳಿಯ ಹುಡಿ ಕಾಣಿಸಿದೆ. ಗೆಳೆಯರು ಇದನ್ನು ತವರದ ರೋಗ ಎನ್ನುತ್ತಾರೆ.

ಉತ್ತರ: ತವರದ ರೋಗ, ಅಂದರೆ ತವರವು ತಾನಾಗಿ ಹುಡಿಯಾಗಿ ಉದುರುವುದು, ತಗಲುವುದು ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ, ಮತ್ತು ಆಗ ಉದುರುವ ಹುಡಿ ಬೂದು ಬಣ್ಣದ್ದು. ನಿಮ್ಮ ಬೊಂಬೆಯಲ್ಲಿ ಸೀಸ ಇರುವ ಸಂಭವವೇ ಹೆಚ್ಚು. ಮರದಿಂದ, ಅದರಲ್ಲೂ ಓಕ್‌ನಿಂದ, ಹೊರಡುವ ಅಸಿಟಿಕ್ ಆಮ್ಲದ ಆವಿಯು ಸೀಸವನ್ನು ತಿಂದು ಕಡೆಗೆ ಬಿಳಿಯ ಸೀಸದ ಕಾರ್ಬೊನೇಟ್ ಆಗಿಸುತ್ತದೆ. ಇದು ವಿಷ: ಊದಬೇಡಿ, ಒಣ ಬ್ರಷ್ ಆಡಿಸಬೇಡಿ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಕೈಗವಸು ತೊಟ್ಟು, ಬೊಂಬೆಯನ್ನು ಗಾಜು ಮತ್ತು ಲೋಹದ ಕಪಾಟಿಗೆ ಸ್ಥಳಾಂತರಿಸಿ.

ಪ್ರಶ್ನೆ: ಗುಂಪಿನ ಹೊಸ ಸದಸ್ಯೆಯೊಬ್ಬರು ಬಹಳ ಸಂತೋಷದಿಂದ ತೋರಿಸಿದ ರೆಸಿನ್ ಡ್ರ್ಯಾಗನ್ ಕಳ್ಳ ಅಚ್ಚಿನದ್ದೆಂದು ನನಗೆ ಅನುಮಾನ. ಹೇಳಲೇ, ಸುಮ್ಮನಿರಲೇ?

ಉತ್ತರ: ಎಲ್ಲರೆದುರು ಹೇಳಬೇಡಿ, ಸುಮ್ಮನೂ ಇರಬೇಡಿ. ಅವರಿಗೊಬ್ಬರಿಗೇ ಬರೆದು, ತಳಭಾಗದ ಚಿತ್ರವನ್ನೂ ಎತ್ತರದ ಅಳತೆಯನ್ನೂ ಕೇಳಿ. ಅಸಲಿ ಬೊಂಬೆಯಿಂದ ಅಚ್ಚು ತೆಗೆದು ಮತ್ತೆ ಎರೆದಾಗ ರೆಸಿನ್ ಗಟ್ಟಿಯಾಗುತ್ತಾ ತುಸು ಕುಗ್ಗುವುದರಿಂದ ನಕಲು ಕೂದಲೆಳೆಯಷ್ಟಾದರೂ ಗಿಡ್ಡವಾಗಿರುತ್ತದೆ, ಹುರುಪೆಗಳ ಅಂಚು ಮೊಂಡಾಗಿರುತ್ತದೆ, ಕಂಕುಳಿನಂಥ ಸಂದುಗಳಲ್ಲಿ ಗಾಳಿಗುಳ್ಳೆಯ ಸೂಜಿರಂಧ್ರಗಳು ಸಿಗಬಹುದು. ಚಿತ್ರವೊಂದನ್ನೇ ನೋಡಿ ತೀರ್ಪು ಕೊಟ್ಟವರು ಆಮೇಲೆ ಕ್ಷಮೆ ಕೇಳಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಒಮ್ಮೆ ಕೇಳಿದವನು ನಾನೇ. ಎತ್ತರವನ್ನು ಕೊಂಬಿನ ತುದಿಗಲ್ಲ, ಭುಜದವರೆಗೆ ಅಳೆಯಲು ಹೇಳಿ. ಮುರಿದು ಮತ್ತೆ ಅಂಟಿಸಿದ ಕೊಂಬು ಅಸಲಿ ಬೊಂಬೆಯನ್ನೂ ಗಿಡ್ಡವಾಗಿ ತೋರಿಸುತ್ತದೆ.