ಪುಟ್ಟ ಮಕ್ಕಳನ್ನು ಜೊತೆಗೆ ಸೇರಿಸಿಕೊಂಡು ಮನೆಮಂದಿಯೆಲ್ಲ ಮಾಡಬಹುದಾದ ಸೇವೆ ಯಾವುದಿದೆ?

ನಿಮ್ಮ ಪ್ರಶ್ನೆ ಇಷ್ಟು: ಮಕ್ಕಳಿಗೆ ನಾಲ್ಕು ಮತ್ತು ಏಳು ವರ್ಷ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಎಲ್ಲರೂ ಸೇರಿ ಏನಾದರೂ ಸೇವೆ ಮಾಡಬೇಕೆಂಬ ಆಸೆಯಿದೆ, ಆದರೆ ಎಲ್ಲಿ ಕೇಳಿದರೂ ಇಷ್ಟು ಚಿಕ್ಕವರನ್ನು ಕರೆತರಬೇಡಿ ಅನ್ನುತ್ತಾರೆ. ಹುಟ್ಟುಹಬ್ಬದ ದಿನ ಅನಾಥಾಶ್ರಮಕ್ಕೆ ಹೋಗಿ ಊಟ ಹಾಕಿಸಿ ಬರುವುದು ಬಿಟ್ಟರೆ ಬೇರೆ ದಾರಿ ಇದೆಯೇ?

ಇದೆ. ನಿಮ್ಮದೇ ಗೇಟಿನ ಪಕ್ಕ ಒಂದು ಅರವಟ್ಟಿಗೆ ಇಡಿ. ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶಾಲೆಗೆ ರಜೆ ಬರುತ್ತದೆ, ಮೇ ಕೊನೆಯವರೆಗೆ ಮಕ್ಕಳು ಮನೆಯಲ್ಲೇ. ಬಿಸಿಲೂ ಅದೇ ಹೊತ್ತಿಗೆ ಏರುತ್ತದೆ. ಹುಟ್ಟುಹಬ್ಬದ ಊಟದ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಅಲ್ಲಿ ನಿಮ್ಮ ಮಗು ಹೊಸ ಬಟ್ಟೆ ಹಾಕಿಕೊಂಡು ನಿಂತಿರುತ್ತದೆ, ಎದುರಿಗಿರುವ ಮಗು ಚಪ್ಪಾಳೆ ತಟ್ಟಬೇಕಾಗುತ್ತದೆ. ಇಬ್ಬರಿಗೂ ಅಲ್ಲಿ ಮಾಡಲು ಕೆಲಸವಿಲ್ಲ. ಚಿಕ್ಕವರಿಗೆ ಬೇಕಾದದ್ದು ಕೈಗೆ ಎಟುಕುವ, ದಿನಾ ಇರುವ, ಫಲ ಕಣ್ಣೆದುರೇ ಕಾಣುವ ಕೆಲಸ. ಬಾಯಾರಿದವರು ನೀರು ಕುಡಿದು ಉಸ್ಸೆಂದರೆ ನಾಲ್ಕು ವರ್ಷದವರಿಗೂ ಅರ್ಥವಾಗುತ್ತದೆ.

ಮೊದಲು ಮಡಕೆ. 15 ಲೀಟರಿನದು ಸಾಕು, ಆದರೆ ಎರಡು ತನ್ನಿ. ಬಣ್ಣ ಬಳಿದದ್ದು, ಹೊಳಪು ಹಾಕಿದ್ದು ಬೇಡ. ಮಡಕೆಯ ಮೈಯಿಂದ ನೀರು ಜಿನುಗಿ ಆರಿದಾಗಲೇ ಒಳಗಿನ ನೀರು ತಣ್ಣಗಾಗುವುದು, ಬಣ್ಣ ಆ ರಂಧ್ರಗಳನ್ನೇ ಮುಚ್ಚಿಬಿಡುತ್ತದೆ. ಬೆರಳಿನಿಂದ ತಟ್ಟಿದರೆ ಠಣ್ ಅನ್ನಬೇಕು, ಬದ್ ಅಂದರೆ ಎಲ್ಲೋ ಬಿರುಕಿದೆ. ನಲ್ಲಿ ಕೂರಿಸಿದ ಮಡಕೆಯನ್ನೇ ಕೊಳ್ಳಿ. ಬಾಯಿ ತೆರೆದ ಮಡಕೆಯೊಳಗೆ ಹತ್ತಾರು ಜನ ಚೊಂಬು ಅದ್ದಿದರೆ ಎಲ್ಲರ ಬೆರಳೂ ನೀರಿಗೆ ತಾಗುತ್ತದೆ. ಅರವಟ್ಟಿಗೆಯ ನೀರಿನಿಂದ ಹೊಟ್ಟೆ ಕೆಡಲು ಇದೂ ಕಾರಣವಾಗಬಹುದು.

ಹೊಸ ಮಡಕೆಯನ್ನು ಒಂದು ದಿನ ಪೂರ್ತಿ ನೀರಲ್ಲಿ ಮುಳುಗಿಸಿಡಿ. ಆಮೇಲೆ ಎರಡು ಸಲ ತುಂಬಿಸಿ ಚೆಲ್ಲಿ, ಮಣ್ಣಿನ ವಾಸನೆ ಇಳಿಯುತ್ತದೆ. ಒಳಗೆ ಸೋಪು ಯಾವತ್ತೂ ಮುಟ್ಟಿಸಬೇಡಿ, ಮಣ್ಣು ಅದನ್ನು ಹೀರಿಕೊಂಡು ಆಮೇಲೆ ನೀರಿಗೆ ಬಿಡುತ್ತದೆ. ತೆಂಗಿನ ನಾರು, ಬಿಸಿನೀರು ಇಷ್ಟೇ ಸಾಕು. ಬೋರ್‌ವೆಲ್ ನೀರು ತುಂಬುವವರಿಗೆ ಕೆಲವು ವಾರಗಳಲ್ಲಿ ಮಡಕೆಯ ಹೊರಮೈ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ, ನೀರು ತಣ್ಣಗಾಗುವುದು ನಿಲ್ಲುತ್ತದೆ. ಹುಣಸೆಹಣ್ಣಿನ ನೀರಿನಲ್ಲಿ ಉಜ್ಜಿ ತೊಳೆದರೆ ಮತ್ತೆ ಜಿನುಗುತ್ತದೆ. ಒಂದು ಮಡಕೆ ಬಳಕೆಯಲ್ಲಿದ್ದಾಗ ಇನ್ನೊಂದು ಬಿಸಿಲಲ್ಲಿ ಒಣಗುತ್ತಿರಲಿ, ಎರಡು ತರಲು ಹೇಳಿದ್ದು ಇದಕ್ಕೇ.

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಒಣ ಗಾಳಿಯಲ್ಲಿ ಮಡಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಸುತ್ತ ಒದ್ದೆ ಗೋಣಿಚೀಲ ಸುತ್ತಿದರೆ ಇನ್ನೂ ಒಳ್ಳೆಯದು. ಮಂಗಳೂರು, ಕಾರವಾರದಂಥ ಕಡಲ ತೀರದಲ್ಲಿ ಗಾಳಿಯೇ ತೇವವಾಗಿರುವುದರಿಂದ ಅಷ್ಟು ತಣ್ಣಗಾಗುವುದಿಲ್ಲ. ಅಲ್ಲಿ ಬಂದವರಿಗೆ ನೀರಿನ ಜೊತೆ ಬೆಲ್ಲ ಕೊಡುವ ಹಳೆಯ ರೂಢಿ ಹೇಗೂ ಇದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬೆಲ್ಲದ ಚೂರು ಇಟ್ಟುಬಿಡಿ. ಅದನ್ನು ಚಮಚದಲ್ಲಿ ಕೊಡುವ ಕೆಲಸ ನಿಮ್ಮ ನಾಲ್ಕು ವರ್ಷದವರದು. ತಣ್ಣಗಿರಲಿ ಎಂದು ಅಂಗಡಿಯ ದೊಡ್ಡ ಐಸ್ ಗಡ್ಡೆ ತಂದು ಹಾಕಬೇಡಿ, ಸಾಮಾನುಗಳನ್ನು ತಂಪಾಗಿಡಲು ಮಾಡಿದ ಆ ಐಸಿನ ನೀರು ಕುಡಿಯುವ ನೀರಾಗಿರಬೇಕೆಂದೇನಿಲ್ಲ.

ಈಗ ಜಾಗ. ಗೇಟಿನ ಪಕ್ಕ, ನೆರಳಿನಲ್ಲಿ, ಕಾಂಪೌಂಡಿನ ಒಳಗೆ ನಿಂತಿದ್ದು ಹೊರಗಿನವರ ಕೈಗೆ ಎಟುಕುವಂತಿರಬೇಕು. ಫುಟ್‌ಪಾತ್ ಮೇಲೆ ಇಟ್ಟರೆ ನಡೆಯುವವರಿಗೆ ತೊಂದರೆ, ಮಕ್ಕಳೂ ರಸ್ತೆಗೆ ಬರುತ್ತಾರೆ. ಮಡಕೆಯನ್ನು ಸಿಂಬೆಯ ಮೇಲೋ ಮರಳು ಹಾಕಿದ ಸ್ಟ್ಯಾಂಡಿನ ಮೇಲೋ ಮೊದಲು ಕೂರಿಸಿ, ಆಮೇಲೆ ತುಂಬಿ. ತುಂಬಿದ ಮಡಕೆ 20 ಕೆಜಿಯ ಹತ್ತಿರ ತೂಗುತ್ತದೆ, ಎತ್ತಿಡಲು ಹೋದರೆ ಕುತ್ತಿಗೆ ಹಿಡಿದಲ್ಲೇ ಒಡೆಯುತ್ತದೆ. ನಲ್ಲಿಯ ಕೆಳಗೆ 35 ಸೆಂಟಿಮೀಟರ್ ಜಾಗ ಬಿಡಿ. ಡೆಲಿವರಿ ಹುಡುಗರು, ಆಟೊ ಚಾಲಕರು, ಪೌರಕಾರ್ಮಿಕರು ಒಂದು ಲೋಟ ಕುಡಿಯುವುದಕ್ಕಿಂತ ಹೆಚ್ಚಾಗಿ ಬಾಟಲಿ ತುಂಬಿಸಿಕೊಳ್ಳಲು ನಿಲ್ಲುತ್ತಾರೆ. ಒಂದು ಲೀಟರಿನ ಬಾಟಲಿ ನೆಟ್ಟಗೆ ನಿಲ್ಲದಿದ್ದರೆ ಅರ್ಧ ತುಂಬಿಸಿ ಹೋಗಬೇಕಾಗುತ್ತದೆ. ಕೆಳಗೊಂದು ಅಗಲ ಬೋಗುಣಿ ಇಟ್ಟು ಚೆಲ್ಲಿದ ನೀರನ್ನು ಸಂಜೆ ಗಿಡಕ್ಕೆ ಹಾಕಿ.

ನೀರು ಎಂಥದ್ದು? ನೀವು ನಿಮ್ಮ ಮಕ್ಕಳಿಗೆ ಕುಡಿಸುವಂಥದ್ದೇ. ಫಿಲ್ಟರ್ ಇದ್ದರೆ ಅದರದ್ದು, ಇಲ್ಲವೇ ಕೊತಕೊತ ಕುದಿಸಿ ಒಂದು ನಿಮಿಷ ಬಿಟ್ಟು ಆರಿಸಿದ್ದು, ಅಥವಾ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್. ಕ್ಲೋರಿನ್ ಮಾತ್ರೆ ಹಾಕುವುದಾದರೆ ಎಷ್ಟು ಲೀಟರಿಗೆ ಒಂದು ಎಂದು ಪೊಟ್ಟಣದ ಮೇಲೆ ಬರೆದಿರುವುದನ್ನು ಪಾಲಿಸಿ, ಅರ್ಧ ಗಂಟೆ ಬಿಟ್ಟು ಕೊಡಿ. ಒಂದು ಲೋಟಕ್ಕೆ 200 ಮಿಲಿ ಅಂದರೆ ಒಂದು ಮಡಕೆಗೆ 75 ಲೋಟ. ಬಿಸಿಲಲ್ಲಿ ಬಂದವರು ಎರಡು ಲೋಟ ಕುಡಿಯುತ್ತಾರೆ, ಹಾಗಾಗಿ 35 ಜನಕ್ಕೆ ಸರಿಯಾಗುತ್ತದೆ. ಓಡಾಟ ಜಾಸ್ತಿಯಿರುವ ಬೀದಿಯಾದರೆ ಮಧ್ಯಾಹ್ನ ಮತ್ತೊಮ್ಮೆ ತುಂಬಬೇಕು. ನೀವು ಕೆಲಸಕ್ಕೆ ಹೋದಾಗ ಅದನ್ನು ಯಾರು ಮಾಡುತ್ತಾರೆ ಎಂದು ಮೊದಲೇ ಯೋಚಿಸಿ. ಅಜ್ಜಿ ತಾತ ಮನೆಯಲ್ಲಿದ್ದರೆ ಸರಿ, ಇಲ್ಲದಿದ್ದರೆ ಪಕ್ಕದ ಮನೆಯವರನ್ನು ಸೇರಿಸಿಕೊಳ್ಳಿ. ಅದೂ ಆಗದಿದ್ದರೆ ಶನಿವಾರ, ಭಾನುವಾರ ಮಾತ್ರ ಇಡಿ. ವಾರದ ದಿನಗಳಲ್ಲಿ ಖಾಲಿ ಮಡಕೆ ಕಾಣಿಸುವಂತೆ ಬಿಡುವುದು ಸರಿಯಲ್ಲ, ನೀರಿದೆ ಎಂದು ನಂಬಿ ದೂರದಿಂದ ಬರುವವರಿರುತ್ತಾರೆ.

ಲೋಟದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಸ್ಟೀಲ್ ಲೋಟ ಇಡಿ, ಪೇಪರ್ ಕಪ್ ಬೇಡ, ಸಂಜೆಗೆ ಬೀದಿ ತುಂಬ ಕಪ್‌ಗಳು ಬಿದ್ದಿದ್ದರೆ ಗುಡಿಸುವವರು ಅದೇ ಪೌರಕಾರ್ಮಿಕರೇ. ನಮ್ಮಲ್ಲಿ ಎತ್ತಿ ಕುಡಿಯುವವರು ಬಹಳ, ಆದರೆ ಎಲ್ಲರೂ ಹಾಗೆ ಕುಡಿಯುವುದಿಲ್ಲ. ಆದ್ದರಿಂದ ಎರಡು ಬುಟ್ಟಿ ಇರಲಿ, ತೊಳೆದದ್ದು ಒಂದರಲ್ಲಿ, ಬಳಸಿದ್ದು ಇನ್ನೊಂದರಲ್ಲಿ. ದಿನಕ್ಕೆ ಎರಡು ಸಲ ಸೋಪಿನ ನೀರು, ತಿಳಿನೀರು, ಕೊನೆಗೆ ದೊಡ್ಡವರ ಕೈಯಲ್ಲಿ ಬಿಸಿನೀರು. ಇದಕ್ಕಿಂತ ಮುಖ್ಯವಾದ ಮಾತು: ಹೊರಗಿನವರಿಗೆ ಬೇರೆ ಲೋಟ, ಮನೆಯವರಿಗೆ ಬೇರೆ ಲೋಟ ಮಾಡಬೇಡಿ. ಕಸದ ಗಾಡಿಯವರಿಗೆ ಎಂದು ಕಿಟಕಿಯ ಮೂಲೆಯಲ್ಲಿ ಪ್ರತ್ಯೇಕ ಲೋಟ ಇಡುವ ಮನೆಗಳು ಈಗಲೂ ಇವೆ, ಮಕ್ಕಳು ಅದನ್ನು ನೋಡಿಯೇ ಕಲಿಯುತ್ತಾರೆ. ನೀವೂ ಸಂಜೆ ಕೆಲಸದಿಂದ ಬಂದಾಗ ಗೇಟಿನಲ್ಲೇ ನಿಂತು ಆ ಮಡಕೆಯ ನೀರನ್ನು ಆ ಬುಟ್ಟಿಯ ಲೋಟದಲ್ಲೇ ಕುಡಿಯಿರಿ. ಏಳು ವರ್ಷದವರಿಗೆ ಸಮಾನತೆಯ ಪಾಠ ಹೇಳಬೇಕಾಗಿಲ್ಲ, ಇದನ್ನು ದಿನಾ ನೋಡಿದರೆ ಸಾಕು.

ಮಕ್ಕಳಿಗೆ ಯಾವ ಕೆಲಸ ಎಂದರೆ, ನಾಲ್ಕು ವರ್ಷದವರು ಲೋಟಗಳನ್ನು ಬುಟ್ಟಿಯಲ್ಲಿ ಬೋರಲು ಹಾಕಬಲ್ಲರು, ಭಾನುವಾರದ ಮಜ್ಜಿಗೆಗೆ ಕರಿಬೇವನ್ನು ಕಡ್ಡಿಯಿಂದ ಬಿಡಿಸಬಲ್ಲರು, ಮಡಕೆಯ ಜೊತೆಗೆ ಹಕ್ಕಿಗಳಿಗೆಂದು ಇಡುವ ತಟ್ಟೆಗೆ ಅರ್ಧ ಲೀಟರಿನ ಜಗ್ಗಿನಿಂದ ನೀರು ಹಾಕಬಲ್ಲರು. ಏಳು ವರ್ಷದವರು ಒಂದು ಲೀಟರಿನ ಚೊಂಬಿನಿಂದ ಮಡಕೆ ತುಂಬಬಹುದು, 15 ಸಲ ಓಡಾಡಬೇಕು, ಅವರಿಗೆ ಅದೇ ಖುಷಿ. ಲೋಟ ತೊಳೆಯುವುದು, ಬೆಲ್ಲ ತೂಗುವುದು, ಸಂಜೆ ನೀರು ಎಷ್ಟು ಉಳಿದಿದೆ ನೋಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದೂ ಅವರದ್ದೇ. ನಾನು ಹಾಕ್ತೀನಿ ನಾನು ಹಾಕ್ತೀನಿ ಎಂಬ ಜಗಳ ಎರಡನೇ ದಿನವೇ ಶುರುವಾಗುತ್ತದೆ. ಸರದಿ ಮಾಡಿದರೆ ನಿಲ್ಲುವುದಿಲ್ಲ, ಜಾಗ ಹಂಚಿ. ಒಬ್ಬರಿಗೆ ಮಡಕೆ, ಇನ್ನೊಬ್ಬರಿಗೆ ಹಕ್ಕಿಯ ತಟ್ಟೆ, ಮುಂದಿನ ವಾರ ಅದಲುಬದಲು.

ಹಕ್ಕಿಯ ತಟ್ಟೆ ಆಳವಿರಬಾರದು, ಮೂರು ಬೆರಳು ನೀರು, ನಡುವೆ ಕೂರಲು ಒಂದು ಕಲ್ಲು. ಈ ತಟ್ಟೆ ಮತ್ತು ಮಡಕೆ ಎರಡನ್ನೂ ವಾರಕ್ಕೊಮ್ಮೆಯಾದರೂ ಗೋಡೆ ಸಮೇತ ಉಜ್ಜಲೇಬೇಕು. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ನೀರು ಮುಟ್ಟುವ ಅಂಚಿನ ಗೋಡೆಯ ಮೇಲೆ. ನೀರು ಚೆಲ್ಲಿದರೂ ಅದು ಅಲ್ಲೇ ಅಂಟಿಕೊಂಡಿರುತ್ತದೆ, ಮತ್ತೆ ನೀರು ಬಂದಾಗ ಮರಿಯಾಗುತ್ತದೆ. ಇನ್ನೊಂದು ಎಚ್ಚರಿಕೆ: ದನಕ್ಕೆಂದು ಬಕೆಟ್ಟೋ ಟಬ್ಬೋ ಇಡುವ ಯೋಚನೆಯಿದ್ದರೆ, ಅಂಬೆಗಾಲಿಡುವ ಮಕ್ಕಳು ಅಕ್ಕಪಕ್ಕದಲ್ಲಿದ್ದರೂ ಬೇಡ. ಅಂಥ ಮಗು ತಲೆಕೆಳಗಾಗಿ ಬಿದ್ದು ಮುಳುಗಲು ಅರ್ಧ ಬಕೆಟ್ ನೀರು ಸಾಕು.

ವಾರಕ್ಕೊಮ್ಮೆ, ಭಾನುವಾರ, ನೀರುಮಜ್ಜಿಗೆ ಮಾಡಿ. 2 ಕೆಜಿ ಮೊಸರನ್ನು ನೀರು ಹಾಕದೆಯೇ ಮೊದಲು ಕಡೆಗೋಲಿನಿಂದ ಕಡೆಯಿರಿ, ನೀರು ಹಾಕಿದ ಮೇಲೆ ಕಡೆದರೆ ಗಂಟುಗಳು ಉಳಿದುಬಿಡುತ್ತವೆ. ಆಮೇಲೆ 8 ಲೀಟರ್ ನೀರು, 50 ಗ್ರಾಂ ಉಪ್ಪು, 50 ಗ್ರಾಂ ಜಜ್ಜಿದ ಶುಂಠಿ, ಕೊತ್ತಂಬರಿ, ಕರಿಬೇವು, ಅರ್ಧ ಚಮಚ ಇಂಗು. ಹತ್ತು ನಿಮಿಷ ಬಿಟ್ಟು ಸೋಸಿ. 50 ಲೋಟ ಆಗುತ್ತದೆ. ಹಸಿಮೆಣಸಿನಕಾಯಿ ಹಾಕದಿರುವುದೇ ಮೇಲು, ಗುಟುಕರಿಸಿ ಕುಡಿಯುವವರಿಗೆ ಗಂಟಲು ಹಿಡಿಯುತ್ತದೆ, ಬಿಡಿಸಿದ ಮಕ್ಕಳ ಕೈ ಕಣ್ಣಿಗೆ ಹೋಗುತ್ತದೆ. ರಾಮನವಮಿಗೆ ಪಾನಕ ಮಾಡುವುದಾದರೆ 1 ಕೆಜಿ ಬೆಲ್ಲಕ್ಕೆ 8 ಲೀಟರ್ ನೀರು, 10 ನಿಂಬೆಹಣ್ಣು, ಏಲಕ್ಕಿ, ಒಣಶುಂಠಿ. ಬೆಲ್ಲ ಕರಗಿಸಿ ಬಟ್ಟೆಯಲ್ಲಿ ಸೋಸದಿದ್ದರೆ ತಳದಲ್ಲಿ ಮರಳು ಸಿಗುತ್ತದೆ. ಎರಡನ್ನೂ ಸ್ಟೀಲ್ ಪಾತ್ರೆಯಲ್ಲೇ ಇಡಿ. ಕಲಾಯಿ ಹಾಕದ ಹಿತ್ತಾಳೆ, ತಾಮ್ರದಲ್ಲಿ ಹುಳಿ ಇಟ್ಟರೆ ಲೋಹ ಕರಗಿ ವಾಂತಿಯಾಗುತ್ತದೆ. ಹತ್ತೂವರೆಗೆ ಮಾಡಿದ್ದು ಹನ್ನೆರಡೂವರೆಯೊಳಗೆ ಮುಗಿಯಬೇಕು, ಉಳಿದರೆ ಚೆಲ್ಲಿ. ಸಕ್ಕರೆ ಕಾಯಿಲೆಯವರು ಪಾನಕ ಬೇಡ ಅಂದರೆ ಪಕ್ಕದಲ್ಲಿ ಬರೀ ನೀರೂ ಇರಬೇಕು.

ಮಕ್ಕಳು ಗೇಟಿನಲ್ಲಿ ನಿಲ್ಲುವುದು ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದೂವರೆ, ಒಂದು ಗಂಟೆ ಸಾಕು, ದೊಡ್ಡವರೊಬ್ಬರು ಜೊತೆಯಲ್ಲಿ. ಹನ್ನೆರಡರಿಂದ ಮೂರರವರೆಗೆ ಅವರು ಒಳಗಿರಲಿ. "ಅಂಕಲ್, ಮಜ್ಜಿಗೆ ತಗೊಳ್ತೀರಾ?" ಎಂದು ಕೇಳುವುದನ್ನು ಮನೆಯಲ್ಲೇ ಆಡಿಸಿ ಕಲಿಸಿ. ಬೇಡ ಅಂದರೆ ಸರಿ ಅನ್ನುವುದನ್ನೂ ಕಲಿಸಿ, ಬೇಡ ಅಂದಾಗಲೇ ಚಿಕ್ಕವರ ಮುಖ ಬಾಡುವುದು. ಕುಡಿಯುತ್ತಿರುವವರ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಬೇಡಿ. ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿಯಾಗಿದ್ದರೆ, ನಿಂತ ಮೇಲೂ ಎರಡು ದಿನ ಅವರು ಮಡಕೆ, ಲೋಟ ಮುಟ್ಟಬಾರದು. ಬಂದವರಲ್ಲಿ ಯಾರಾದರೂ ತಲೆಸುತ್ತಿ ಕೂತರೆ ನೆರಳಿಗೆ ಕರೆದು ಗುಟುಕು ಗುಟುಕಾಗಿ ಕುಡಿಸಿ, ಮೈ ಒರೆಸಿ. ಮಾತು ತೊದಲುತ್ತಿದ್ದರೆ ಅಥವಾ ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ನೀರು ಹಾಕಲೇಬೇಡಿ, 108ಕ್ಕೆ ಫೋನ್ ಮಾಡಿ, ಅಲ್ಲಿಯವರೆಗೆ ಮೈಮೇಲೆ ನೀರು ಹಾಕಿ ಗಾಳಿ ಬೀಸಿ.

ಹತ್ತು ಹನ್ನೆರಡು ದಿನಕ್ಕೆ ಮಕ್ಕಳ ಉತ್ಸಾಹ ಇಳಿಯುತ್ತದೆ, ಅದಕ್ಕೆ ಬೇಸರ ಬೇಡ. ಆಗ ಚಾಕೊಲೇಟು, ಸ್ಟಾರು ಕೊಟ್ಟು ಎಳೆಯಲು ಹೋಗಬೇಡಿ. ಮನೋವಿಜ್ಞಾನಿಗಳಾದ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಹಾಯ ಮಾಡಿದ್ದಕ್ಕೆ ಬಹುಮಾನ ಪಡೆದ 20 ತಿಂಗಳ ಮಕ್ಕಳು ಆಮೇಲೆ, ಏನೂ ಪಡೆಯದ ಮಕ್ಕಳಿಗಿಂತ ಕಡಿಮೆ ಸಹಾಯ ಮಾಡಿದರು. ಬದಲಿಗೆ ಕೆಲಸವನ್ನು ದಿನಕ್ಕೆ ಕಾಲು ಗಂಟೆಗೆ ಇಳಿಸಿ, ಹಲ್ಲುಜ್ಜಿದ ಮೇಲೆ ಮಡಕೆ ಎಂದು ಒಂದು ಹೊತ್ತಿಗೆ ಕಟ್ಟಿ. ನೀರು ಚೆಲ್ಲಿದರೆ ಗದರದೆ ಒರೆಸುವ ಬಟ್ಟೆ ಕೈಗೆ ಕೊಡಿ. ಕೆಲವು ದಿನಗಳಾದ ಮೇಲೆ ದಿನಾ ಬರುವವರ ಹೆಸರು ಮಕ್ಕಳಿಗೆ ಗೊತ್ತಾಗಿರುತ್ತದೆ, ಇವತ್ತು ಹೂವಿನ ಅಜ್ಜಿ ಯಾಕೆ ಬರಲಿಲ್ಲ ಎಂದು ಅವರೇ ಕೇಳುತ್ತಾರೆ. ಆ ಹೊತ್ತಿಗೆ ಕೆಲಸ ಅವರದ್ದಾಗಿರುತ್ತದೆ.

ಜೂನ್ ಮೊದಲ ವಾರ ಮಳೆ ಹಿಡಿದಾಗ ತೆಗೆಯಿರಿ. ನಲ್ಲಿ ಬಿಚ್ಚಿ, ಅದರ ರಬ್ಬರ್ ವಾಷರ್ ಬೇರೆ ಡಬ್ಬಿಯಲ್ಲಿಡಿ, ಮಡಕೆಯಲ್ಲೇ ಬಿಟ್ಟರೆ ಒಣಗಿ ಸೀಳುತ್ತದೆ. ಎರಡೂ ಮಡಕೆಗಳನ್ನು ಮೂರು ನಾಲ್ಕು ದಿನ ಪೂರ್ತಿ ಒಣಗಿಸಿ ಗೋಣಿಚೀಲದ ಮೇಲೆ ಬೋರಲು ಹಾಕಿ. ಹಸಿ ಇರುವಾಗಲೇ ಮೂಲೆಗಿಟ್ಟರೆ ಒಳಗೆ ಬೂಸ್ಟು ಹಿಡಿದು ಮುಂದಿನ ವರ್ಷ ಹೊಸದೇ ಕೊಳ್ಳಬೇಕಾಗುತ್ತದೆ.