ಒಂದು ಪಂದ್ಯಕ್ಕೆ ತೊಟ್ಟ ಜೆರ್ಸಿ ಮುಂದಿನ ಪಂದ್ಯಕ್ಕೂ ಬರುತ್ತದೆಯೇ?

ದೊಡ್ಡ ತಂಡಗಳ ಆಟಗಾರರು ಪ್ರತಿ ಪಂದ್ಯಕ್ಕೂ ಹೊಸ ಜೆರ್ಸಿ ತೊಡುತ್ತಾರೆಯೇ, ಅಥವಾ ಒಗೆದು ಅದನ್ನೇ ಮತ್ತೆ ಹಾಕಿಕೊಳ್ಳುತ್ತಾರೆಯೇ ಎಂದು ಕೇಳಿದ್ದೀರಿ. ನಿಮ್ಮೂರಿನ ಕಬಡ್ಡಿ ತಂಡಕ್ಕೆ ಎರಡನೆಯ ಜೊತೆ ಜೆರ್ಸಿ ಮಾಡಿಸುವುದು ದುಂದುವೆಚ್ಚವೇ ಎಂಬ ಅನುಮಾನವನ್ನೂ ಕೊನೆಯಲ್ಲಿ ಬರೆದಿದ್ದೀರಿ. ಎರಡಕ್ಕೂ ಉತ್ತರಿಸುತ್ತೇನೆ.

ಒಗೆದು ಅದನ್ನೇ ಹಾಕಿಕೊಳ್ಳುತ್ತಾರೆ. ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಐಸ್ ಹಾಕಿ, ಅಮೆರಿಕನ್ ಫುಟ್‌ಬಾಲ್, ನಮ್ಮ ಕ್ರಿಕೆಟ್ಟು, ಕಬಡ್ಡಿ ಎಲ್ಲದರಲ್ಲೂ ಸಾಮಾನ್ಯ ರೂಢಿ ಇದೇ. ಶ್ರೀಮಂತ ಫುಟ್‌ಬಾಲ್ ಕ್ಲಬ್ಬುಗಳದು ಮಾತ್ರ ಬೇರೆ ದಾರಿ. ಅದಕ್ಕೆ ಆಮೇಲೆ ಬರುತ್ತೇನೆ.

ಹಾಸನದಲ್ಲಿ ನನ್ನದು ಕ್ರೀಡಾ ಸಾಮಗ್ರಿಯ ಅಂಗಡಿ. ಬ್ಯಾಟು, ಚೆಂಡು, ಶಟಲ್ ಕಾಕು ಎಲ್ಲವನ್ನೂ ಮಾರುತ್ತೇನಾದರೂ ಅಂಗಡಿಯನ್ನು ಸಾಕುತ್ತಿರುವುದು ಜೆರ್ಸಿ. ತಿರುಪ್ಪೂರಿನಿಂದ ಬಂದ ಬಟ್ಟೆಗೆ ಹೆಸರು, ಸಂಖ್ಯೆ, ಪ್ರಾಯೋಜಕರ ಗುರುತು ಒತ್ತಿ ಕೊಡುವುದು ನನ್ನ ಕೆಲಸ. ಆಲೂರು, ಬೇಲೂರು, ಅರಸೀಕೆರೆ, ಸಕಲೇಶಪುರದ ತಂಡಗಳು ಬರುತ್ತವೆ. ಹೊನಲು ಬೆಳಕಿನ ಕಬಡ್ಡಿ ಶುರುವಾಗುವ ಕಾಲಕ್ಕೆ ರಾತ್ರಿ ಹನ್ನೊಂದರವರೆಗೂ ಯಂತ್ರ ಆರುವುದಿಲ್ಲ. ಹೊಸ ಜೆರ್ಸಿ ಮಡಿಸಿ ಕೊಡುವಾಗ ಎಷ್ಟು ಸಂತೋಷವಾಗುತ್ತದೆಯೋ, ಎರಡು ವರ್ಷ ಆಡಿ ಬಣ್ಣ ಮಾಸಿದ ಅದೇ ಜೆರ್ಸಿ ಕಿತ್ತುಹೋದ ನಂಬರ್ ಹಾಕಿಸಿಕೊಳ್ಳಲು ಮರಳಿ ಬಂದಾಗಲೂ ಅಷ್ಟೇ ಸಂತೋಷವಾಗುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ಹೊಟ್ಟೆಪಾಡಿನದೂ ಹೌದು, ಅಕ್ಕರೆಯದೂ ಹೌದು.

ಮೊದಲು ಲೆಕ್ಕ ನೋಡಿ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಒಂದು ತಂಡ ಒಂದು ಋತುವಿನಲ್ಲಿ 162 ಪಂದ್ಯ ಆಡುತ್ತದೆ. ತಂಡದ ಪಟ್ಟಿಯಲ್ಲಿ 26 ಆಟಗಾರರು. ಪ್ರತಿ ಪಂದ್ಯಕ್ಕೂ ಹೊಸದೆಂದರೆ ಒಂದೇ ತಂಡಕ್ಕೆ 4212 ಜೊತೆ ಬಟ್ಟೆ ಬೇಕು. ದುಡ್ಡಿದ್ದರೂ ಅಷ್ಟನ್ನು ಹೊಲಿಸಿ, ಸಂಖ್ಯೆ ಕೂರಿಸಿ, ಊರೂರಿಗೆ ಹೊತ್ತು ತಿರುಗುವುದು ಯಾರಿಗೂ ಆಗದ ಕೆಲಸ. ಆದ್ದರಿಂದ ತವರಿನ ಪಂದ್ಯಕ್ಕೆ ಕೆಲವು, ಹೊರ ಊರಿನ ಪಂದ್ಯಕ್ಕೆ ಕೆಲವು ಎಂದು ಪ್ರತಿಯೊಬ್ಬರಿಗೂ ಬೆರಳೆಣಿಕೆಯ ಜೊತೆಗಳಿರುತ್ತವೆ. ಬಿಳಿ ಪ್ಯಾಂಟು ತೊಟ್ಟವರು ಕೆಂಪು ಮಣ್ಣಿನಲ್ಲಿ ಎದೆಯೂರಿ ಜಾರುತ್ತಾರೆ. ಪಂದ್ಯ ಮುಗಿಯುವಷ್ಟರಲ್ಲಿ ರಾತ್ರಿಯಾಗಿರುತ್ತದೆ, ಮರುದಿನ ಮತ್ತೆ ಪಂದ್ಯ. ಆಟಗಾರರು ಹೊರಟ ಮೇಲೆ ಬಟ್ಟೆಯ ಉಸ್ತುವಾರಿಯವರ ದಿನ ಶುರುವಾಗುತ್ತದೆ: ಮಣ್ಣು ಕೊಡವುವುದು, ಕಲೆ ಉಜ್ಜುವುದು, ಒಗೆಯುವುದು, ಒಣಗಿಸುವುದು, ಬೆಳಗಾಗುವುದರೊಳಗೆ ಅವರವರ ಗೂಡಿಗೆ ತೂಗುಹಾಕುವುದು.

ಅಲ್ಲಿನ ಹಲವು ತಂಡಗಳಲ್ಲಿ ಪ್ರತಿ ಆಟಗಾರನಿಗೂ ಅವನ ಸಂಖ್ಯೆ ಬರೆದ, ಬೆಲ್ಟಿನಂಥ ಒಂದು ಪಟ್ಟಿ ಇರುತ್ತದೆ. ಕಾಲುಚೀಲ, ಒಳಬಟ್ಟೆಗಳನ್ನು ಅದಕ್ಕೆ ಪೋಣಿಸಿ ಬುಟ್ಟಿಗೆ ಎಸೆದರೆ, ಹಾಗೆಯೇ ಯಂತ್ರಕ್ಕೆ ಹೋಗಿ ಹಾಗೆಯೇ ವಾಪಸ್ಸು ಬರುತ್ತದೆ. ಒಬ್ಬರದು ಇನ್ನೊಬ್ಬರಿಗೆ ಸೇರುವುದಿಲ್ಲ. ನಮ್ಮಲ್ಲಿ ಮಡಿವಾಳರು ಕರಿಗೇರು ಕಾಯಿಯ ರಸದಿಂದ ಬಟ್ಟೆಯ ಅಂಚಿಗೆ ಹಾಕುತ್ತಿದ್ದ ಗುರುತು ಇದೇ ಕೆಲಸ ಮಾಡುತ್ತಿತ್ತು. ಎಷ್ಟು ಒಗೆದರೂ ಹೋಗದ ಆ ಕಪ್ಪು ಚುಕ್ಕೆಯನ್ನು ನೋಡಿಯೇ ಇಡೀ ಊರಿನ ಬಟ್ಟೆ ತಪ್ಪಿಲ್ಲದೆ ಮನೆ ಸೇರುತ್ತಿತ್ತು.

ದೊಡ್ಡ ತಂಡಗಳಲ್ಲಿ ಬಟ್ಟೆ ರಾಶಿ ಬಿದ್ದಿರುತ್ತದೆ ಎಂದು ನಾವು ತಿಳಿದಿರುತ್ತೇವೆ. 1990ರ ಫೆಬ್ರವರಿ 14ರಂದು ನಡೆದದ್ದನ್ನು ಕೇಳಿ. ಶಿಕಾಗೊ ಬುಲ್ಸ್ ತಂಡ ಒರ್ಲಾಂಡೊಗೆ ಬ್ಯಾಸ್ಕೆಟ್‌ಬಾಲ್ ಆಡಲು ಹೋಗಿತ್ತು. ಪಂದ್ಯಕ್ಕೆ ಮುಂಚೆ ಮೈಕೆಲ್ ಜೋರ್ಡಾನ್ ಅವರ 23ನೆಯ ಸಂಖ್ಯೆಯ ಜೆರ್ಸಿ ಕಳುವಾಯಿತು. ಆಗಲೇ ಜಗತ್ತೇ ಬಲ್ಲ ಆಟಗಾರ. ಆದರೂ ತಂಡದ ಬಳಿ ಇನ್ನೊಂದು 23 ಇರಲಿಲ್ಲ. ಬದಲಿಗೆಂದು ಇಟ್ಟಿದ್ದ, ಬೆನ್ನಿನ ಮೇಲೆ ಹೆಸರೇ ಇಲ್ಲದ 12ನೆಯ ಸಂಖ್ಯೆಯ ಜೆರ್ಸಿ ತೊಟ್ಟು ಅವರು 49 ಅಂಕ ಗಳಿಸಿದರು. ಬುಲ್ಸ್ ಹೆಚ್ಚುವರಿ ಸಮಯದಲ್ಲಿ ಸೋತಿತು. ಹೊಸ ತಂಡದವರು ಅಂಗಡಿಗೆ ಬಂದಾಗಲೆಲ್ಲ ನಾನು ಈ ಕಥೆ ಹೇಳುತ್ತೇನೆ. ಕಾರಣ ಕೊನೆಯಲ್ಲಿ ತಿಳಿಯುತ್ತದೆ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ವಾರಕ್ಕೊಂದೇ ಪಂದ್ಯ, ಆದ್ದರಿಂದ ಒಗೆಯಲು, ಹರಿದದ್ದನ್ನು ಹೊಲಿಯಲು ಸಮಯವಿದೆ. ಅಲ್ಲಿ ನನಗೆ ಕುತೂಹಲ ಹುಟ್ಟಿಸುವುದು ಹೆಲ್ಮೆಟ್ಟು. 2013ರಿಂದ 2021ರವರೆಗೆ ಒಬ್ಬ ಆಟಗಾರ ಇಡೀ ಋತುವಿಗೆ ಒಂದೇ ಹೆಲ್ಮೆಟ್ ಬಳಸಬೇಕೆಂಬ ನಿಯಮವಿತ್ತು. ತಲೆಗೆ ಒಗ್ಗಿಹೋದ ಹೆಲ್ಮೆಟ್ಟನ್ನು ಚೆಂದಕ್ಕಾಗಿ ಬದಲಿಸಿದರೆ ಪೆಟ್ಟಿನ ಅಪಾಯ ಹೆಚ್ಚು ಎಂಬ ಕಾಳಜಿ ಅದರ ಹಿಂದಿತ್ತು. ಹೊಸತೇ ಯಾವಾಗಲೂ ಮೇಲು ಎಂದು ನಂಬಿದವರಿಗೆ ಇದು ತಿಳಿದಿರಬೇಕು.

ಈಗ ಫುಟ್‌ಬಾಲ್. ಯುರೋಪಿನ ದೊಡ್ಡ ಕ್ಲಬ್ಬುಗಳು ಒಂದು ಪಂದ್ಯಕ್ಕೆ ಒಬ್ಬ ಆಟಗಾರನಿಗೆ ಸಾಮಾನ್ಯವಾಗಿ ಎರಡು ಅಂಗಿ ಸಿದ್ಧವಿಡುತ್ತವೆ, ಮೊದಲರ್ಧಕ್ಕೊಂದು, ಎರಡನೆಯ ಅರ್ಧಕ್ಕೊಂದು. ಪಂದ್ಯ ಮುಗಿದ ಮೇಲೆ ಅಂಗಿ ಬದಲಾಯಿಸಿಕೊಳ್ಳುವ ರೂಢಿಯಂತೆ ಒಂದು ಎದುರಾಳಿಯ ಕೈಗೆ ಹೋಗುತ್ತದೆ, ಇನ್ನೊಂದು ಅಭಿಮಾನಿಗೋ ದತ್ತಿ ಹರಾಜಿಗೋ ಹೋಗುತ್ತದೆ. ಚಡ್ಡಿಗೆ ಆ ಭಾಗ್ಯವಿಲ್ಲ, ಅದನ್ನು ಒಗೆದು ಮತ್ತೆ ಕೊಡುತ್ತಾರೆ. ಕೆಳಗಿನ ಹಂತದ ಕ್ಲಬ್ಬುಗಳಲ್ಲಿ ಅಂಗಿಯೂ ಮರಳಿ ಬರಲೇಬೇಕು, ಕೆಲವು ಕಡೆ ಕೊಟ್ಟುಬಿಟ್ಟರೆ ಆಟಗಾರನೇ ಬೆಲೆ ತೆರಬೇಕು.

ಆದರೆ ಫುಟ್‌ಬಾಲ್‌ನ ಅತಿ ಪ್ರಸಿದ್ಧ ಅಂಗಿಯೊಂದು ಹುಟ್ಟಿದ್ದು ಅವಸರದಲ್ಲಿ. 1986ರ ವಿಶ್ವಕಪ್ ಮೆಕ್ಸಿಕೊದಲ್ಲಿ ನಡೆಯಿತು. ಉರುಗ್ವೆ ವಿರುದ್ಧದ ಪಂದ್ಯದಲ್ಲಿ ಅರ್ಜೆಂಟೀನಾದ ನೀಲಿ ಹತ್ತಿ ಅಂಗಿ ನೀರು ಹೀರಿ ಭಾರವಾಗಿತ್ತು. ಮುಂದಿನ ಪಂದ್ಯ ಇಂಗ್ಲೆಂಡ್ ವಿರುದ್ಧ, ನಡುಮಧ್ಯಾಹ್ನದ ಬಿಸಿಲಿನಲ್ಲಿ. ಹಗುರವಾದ ಅಂಗಿ ಬೇಕೆಂದು ತಂಡದ ಸಿಬ್ಬಂದಿ ಮೆಕ್ಸಿಕೊ ನಗರದ ಅಂಗಡಿಗಳನ್ನು ಅಲೆದು ನೀಲಿ ಅಂಗಿ ಕೊಂಡು ತಂದರು. ಅವುಗಳಿಗೆ ಅರ್ಜೆಂಟೀನಾ ಫುಟ್‌ಬಾಲ್ ಸಂಸ್ಥೆಯ ಲಾಂಛನವನ್ನು ತರಾತುರಿಯಲ್ಲಿ ಹೊಲಿದು, ಬೆನ್ನಿಗೆ ಅಮೆರಿಕನ್ ಫುಟ್‌ಬಾಲ್‌ಗೆ ಬಳಸುವಂಥ ಹೊಳೆಯುವ ಬೆಳ್ಳಿ ಬಣ್ಣದ ಸಂಖ್ಯೆಗಳನ್ನು ಇಸ್ತ್ರಿ ಹಾಕಿ ಅಂಟಿಸಿದರು. ಜೂನ್ 22ರಂದು ಮರಡೋನಾ ಕೈಯಿಂದ ಒಂದು, ಅರ್ಧ ಮೈದಾನ ಓಡಿ ಇನ್ನೊಂದು ಗೋಲು ಹೊಡೆದದ್ದು ಆ ಅಂಗಿಯಲ್ಲೇ. ಪಂದ್ಯದ ನಂತರ ಅದನ್ನು ಬದಲಾಯಿಸಿಕೊಂಡ ಇಂಗ್ಲೆಂಡಿನ ಸ್ಟೀವ್ ಹಾಡ್ಜ್ ಅವರು 2022ರಲ್ಲಿ ಹರಾಜಿಗಿಟ್ಟಾಗ ಅದು 71 ಲಕ್ಷ ಪೌಂಡ್‌ಗೂ ಹೆಚ್ಚಿಗೆ ಹೋಯಿತು. ರಾತ್ರಿ ಇಸ್ತ್ರಿ ಪೆಟ್ಟಿಗೆ ಹಿಡಿದು ಆ ಹತ್ತನೆಯ ಸಂಖ್ಯೆಯನ್ನು ಅಂಟಿಸಿದ ಕೈಗಳನ್ನು ನಾನು ಎಷ್ಟೋ ಸಲ ನೆನೆಯುತ್ತೇನೆ. ಆ ಕೆಲಸದ ಆತಂಕ ನನಗೆ ಗೊತ್ತು.

ಇಂಥ ಹರಾಜುಗಳಿಂದಾಗಿ, ತೊಟ್ಟು ಮಾಸಿದ ಜೆರ್ಸಿಗೇ ಈಗ ಬೆಲೆ ಬಂದಿದೆ. ಬೇಸ್‌ಬಾಲ್‌ನ ಹೆಸರಾಂತ ಆಟಗಾರ ಬೇಬ್ ರೂತ್ 1932ರ ವಿಶ್ವ ಸರಣಿಯಲ್ಲಿ, ಅಂದರೆ ಬೇಸ್‌ಬಾಲ್ ಋತುವಿನ ಅಂತಿಮ ಸರಣಿಯಲ್ಲಿ, ತೊಟ್ಟಿದ್ದ ಜೆರ್ಸಿ 2024ರಲ್ಲಿ 2 ಕೋಟಿ 40 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ 2017ರಲ್ಲಿ ಮುಗಿದ ಕೂಡಲೇ ಆಟಗಾರ ಟಾಮ್ ಬ್ರೇಡಿ ಅವರ ಜೆರ್ಸಿ ಬಟ್ಟೆ ಬದಲಿಸುವ ಕೋಣೆಯಿಂದಲೇ ಕಳುವಾಗಿ ಕೊನೆಗೆ ಮೆಕ್ಸಿಕೊದಲ್ಲಿ ಸಿಕ್ಕಿತು. ಪೊಲೀಸರು ಅದರ ಬೆಲೆಯನ್ನು 5 ಲಕ್ಷ ಡಾಲರ್ ಎಂದು ಬರೆದುಕೊಂಡಿದ್ದರು. ಕೊಳ್ಳುವವರು ಪಂದ್ಯದ ಛಾಯಾಚಿತ್ರದೊಂದಿಗೆ ಒಂದೊಂದು ಹೊಲಿಗೆ, ಒಂದೊಂದು ಕಲೆಯನ್ನು ಹೋಲಿಸಿ ನೋಡುತ್ತಾರೆ. ಐಸ್ ಹಾಕಿಯಲ್ಲಿ ಹರಿದು ತೇಪೆ ಬಿದ್ದ ಜೆರ್ಸಿಗೆ ಬೇಡಿಕೆ ಹೆಚ್ಚು. ಆಟಗಾರರ ಬೆವರನ್ನು ಮಾರುವ ಈ ವ್ಯಾಪಾರ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ತೇಪೆಗೆ ಬೆಲೆ ಕೊಡುವ ಕಣ್ಣು ಲೋಕದಲ್ಲಿ ಇದೆಯಲ್ಲ ಎಂದು ಹಿತವೂ ಆಗುತ್ತದೆ.

ಕ್ರಿಕೆಟ್ಟಿನಲ್ಲಿ ಅಂಗಿ ಬದಲಾಗುತ್ತಿರುತ್ತದೆ, ಆದರೆ ಆಸ್ಟ್ರೇಲಿಯಾದ ಟೆಸ್ಟ್ ಆಟಗಾರರು ಟೋಪಿಯನ್ನು ಸಾಮಾನ್ಯವಾಗಿ ಬದಲಿಸುವುದಿಲ್ಲ. ಸ್ಟೀವ್ ವಾ 1985ರಲ್ಲಿ ಮೊದಲ ಟೆಸ್ಟ್ ಆಡಿದಾಗ ಸಿಕ್ಕ ಹಸಿರು ಟೋಪಿಯನ್ನೇ ಅಂಚು ಹರಿದು ಬಣ್ಣ ಹೋಗುವವರೆಗೂ ತೊಟ್ಟರು. ಶೇನ್ ವಾರ್ನ್ ಅವರ ಟೋಪಿ 2020ರಲ್ಲಿ ಕಾಡ್ಗಿಚ್ಚಿನ ಸಂತ್ರಸ್ತರಿಗಾಗಿ ಹತ್ತು ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ತಂದಿತು. ಬಿಳಿ ಬಟ್ಟೆಯಲ್ಲಿ ಒಗೆಯುವವರನ್ನು ಸತಾಯಿಸುವುದು ಬೌಲರನ ಪ್ಯಾಂಟಿನ ತೊಡೆಯ ಮೇಲಿನ ಕೆಂಪು ಗೆರೆ. ಚೆಂಡಿನ ಚರ್ಮದ ಬಣ್ಣ ಅದು, ಸುಲಭಕ್ಕೆ ಬಿಡುವುದಿಲ್ಲ.

ಮರುಬಳಕೆ ಅವಮಾನವಾಗುವುದೂ ಉಂಟು. ಪುರುಷರ ತಂಡದ ಸಮವಸ್ತ್ರವನ್ನು ಕತ್ತರಿಸಿ ಮಹಿಳಾ ಕ್ರಿಕೆಟ್ ಆಟಗಾರ್ತಿಯರಿಗೆ ಹೊಲಿದು ಕೊಡುತ್ತಿದ್ದ ಸಂಗತಿಯನ್ನು, ಕ್ರಿಕೆಟ್ ಮಂಡಳಿಯ ಆಡಳಿತ ಸಮಿತಿಯ ಮುಖ್ಯಸ್ಥರಾಗಿದ್ದ ವಿನೋದ್ ರಾಯ್ ಅವರೇ ಹೇಳಿಕೊಂಡಿದ್ದರು. ನಮ್ಮ ಪಕ್ಕದ ಕಡೂರಿನ ವೇದಾ ಕೃಷ್ಣಮೂರ್ತಿ ಭಾರತಕ್ಕೆ ಆಡುವುದನ್ನು ನೋಡಿ ಬ್ಯಾಟು ಕೊಳ್ಳಲು ಬಂದ ಹುಡುಗಿಯರನ್ನು ಕಂಡವನು ನಾನು. ರಾಯ್ ಅವರ ಆ ಮಾತನ್ನು ಓದಿದ ದಿನ ಮನಸ್ಸಿಗೆ ತುಂಬಾ ಕಷ್ಟವಾಯಿತು. ತನ್ನದೇ ಬಟ್ಟೆಯನ್ನು ಒಗೆದು ಉಡುವುದು ಬೇರೆ, ಇನ್ನೊಬ್ಬರು ಬಿಟ್ಟದ್ದನ್ನು ಉಡಬೇಕಾಗಿ ಬರುವುದು ಬೇರೆ. ಹುಡುಗಿಯರ ತಂಡ ಬಂದರೆ ನಾನು ಅಳತೆ ತೆಗೆದುಕೊಳ್ಳದೆ ಬಟ್ಟೆ ತರಿಸುವುದಿಲ್ಲ.

ನನ್ನ ಸ್ವಂತ ಅನುಭವ 1994ರದು. ನಮ್ಮ ಮನೆ ಸಕಲೇಶಪುರದ ಹತ್ತಿರದ ಹಳ್ಳಿಯಲ್ಲಿ. ನಾನು ವಾಲಿಬಾಲ್ ತಂಡದ ಹನ್ನೆರಡನೆಯವನು. ಇದ್ದದ್ದು ಒಂದೇ ಜೊತೆ, ಹನ್ನೆರಡು ಜೆರ್ಸಿ, ಅವೂ ಸಂಘದ ಸ್ವತ್ತು. ಎರಡು ದಿನದ ಪಂದ್ಯಾವಳಿ, ಆಶ್ಲೇಷ ಮಳೆ ಬಿಡದೆ ಹಿಡಿದಿತ್ತು. ಮೊದಲ ದಿನ ಕೆಸರಿನಲ್ಲಿ ಆಡಿ ಗೆದ್ದೆವು. ಸಂಜೆ ಹನ್ನೆರಡನ್ನೂ ಗೊಬ್ಬರದ ಚೀಲಕ್ಕೆ ತುಂಬಿ ಮನೆಗೆ ಹೊತ್ತು ತಂದೆ. ಅಮ್ಮ ಒಂದು ಮಾತೂ ಆಡದೆ ಒಗೆಯಲು ಕುಳಿತರು. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆ ಒಣಗುವ ಜಾಗ ಒಂದೇ, ಬಚ್ಚಲ ಒಲೆಯ ಮೇಲಿನ ಹಗ್ಗ. ರಾತ್ರಿಯೆಲ್ಲ ಸೌದೆ ಒಟ್ಟುತ್ತ, ಜೆರ್ಸಿಗಳನ್ನು ಮಗುಚಿ ಹಾಕುತ್ತ ಕುಳಿತಿದ್ದರು. ಬೆಳಗಿನ ಜಾವ ಸ್ವಲ್ಪ ತೂಕಡಿಸಿದಾಗ, ಬೆಂಕಿಗೆ ಹತ್ತಿರವಿದ್ದ ಒಂಬತ್ತನೆಯ ಸಂಖ್ಯೆಯ ರಬ್ಬರ್ ಅಚ್ಚು ಕರಗಿ ಹಿಂದುಮುಂದಿನ ಬಟ್ಟೆ ಒಂದಕ್ಕೊಂದು ಅಂಟಿಕೊಂಡಿತು. ಬಿಡಿಸಿದರೆ ಸಂಖ್ಯೆಯೇ ಕಿತ್ತುಬಂತು. ಅಮ್ಮ ಟ್ರಂಕಿನಿಂದ ಕೆಂಪು ರವಿಕೆ ಕಣ ತೆಗೆದು, ಒಂಬತ್ತು ಕತ್ತರಿಸಿ, ಮೊದಲ ಬಸ್ಸು ಬರುವುದರೊಳಗೆ ಕೈಹೊಲಿಗೆ ಹಾಕಿ ಮುಗಿಸಿದರು. ಉಳಿದ ಹನ್ನೊಂದು ಜೆರ್ಸಿಗಳಲ್ಲಿ ಬಿಳಿ ಸಂಖ್ಯೆ, ಒಂದರಲ್ಲಿ ಕೆಂಪು. ಎಲ್ಲದಕ್ಕೂ ಹೊಗೆಯ ವಾಸನೆ. ಆ ದಿನ ಸೆಮಿಫೈನಲ್‌ನಲ್ಲಿ ಸೋತೆವು.

ಈಗ ನಿಮ್ಮ ತಂಡದ ವಿಷಯ. ಎರಡನೆಯ ಜೊತೆ ದುಂದಲ್ಲ, ಮಾಡಿಸಿ. ಒಂದೇ ರಾತ್ರಿಯಲ್ಲಿ ಎರಡು ಮೂರು ಪಂದ್ಯ ಆಡುವ ಕಬಡ್ಡಿಯಲ್ಲಿ ಒದ್ದೆ ಜೆರ್ಸಿ ಮೈಗೆ ಅಂಟಿ ಚರ್ಮ ಕೆಡುತ್ತದೆ. ಬಟ್ಟೆ ಹಿಡಿದೆಳೆಯುವುದು ನಿಯಮಕ್ಕೆ ವಿರುದ್ಧವಾದರೂ ಹೊಲಿಗೆ ಬಿಡುವುದು ತಪ್ಪುವುದಿಲ್ಲ. ದುಡ್ಡು ಸಾಲದಿದ್ದರೆ ಪ್ರಾಯೋಜಕರ ಹೆಸರು, ಬೆನ್ನ ಮೇಲಿನ ಹೆಸರು ಬಿಟ್ಟು ಬರೀ ಸಂಖ್ಯೆಯ ಎರಡು ಜೊತೆ ಮಾಡಿಸಿ, ಅಲಂಕಾರದ ಒಂದೇ ಜೊತೆಗಿಂತ ಅದು ಮೇಲು. ಯಾರಿಗೂ ಸೇರದ ಸಂಖ್ಯೆಯ, ದೊಡ್ಡ ಅಳತೆಯ ಎರಡು ಜೆರ್ಸಿ ಜಾಸ್ತಿ ಇರಲಿ. ಬುಲ್ಸ್ ತಂಡದ ಆ 12 ನೆನಪಿರಲಿ.

ಸಂಖ್ಯೆಯನ್ನು ಸಬ್ಲಿಮೇಷನ್‌ನಲ್ಲಿ ಹಾಕಿಸಿ. ಸುಮಾರು 200 ಡಿಗ್ರಿ ಶಾಖದಲ್ಲಿ ಬಣ್ಣ ಆವಿಯಾಗಿ ಪಾಲಿಯೆಸ್ಟರ್ ನೂಲಿನ ಒಳಗೇ ಇಳಿಯುತ್ತದೆ, ಒಗೆದರೆ ಕಿತ್ತುಬರುವುದಿಲ್ಲ. ಪಾಲಿಯೆಸ್ಟರ್ ನೀರನ್ನು ಹೀರದಿದ್ದರೂ ಮೈಯ ಜಿಡ್ಡನ್ನು ಹಿಡಿದಿಟ್ಟುಕೊಳ್ಳುತ್ತದೆ, ವಾಸನೆ ಹುಟ್ಟುವುದು ಅಲ್ಲಿಂದ. ಆದ್ದರಿಂದ ಪಂದ್ಯ ಮುಗಿದ ರಾತ್ರಿಯೇ ಒಗೆಯಬೇಕು, ಚೀಲದಲ್ಲಿ ಕಟ್ಟಿಡಬಾರದು. ಒಳಮಗ್ಗುಲು ಹೊರಗೆ ಮಾಡಿ, ತಣ್ಣೀರಿನಲ್ಲಿ, ಸ್ವಲ್ಪ ಸೋಪಿನಲ್ಲಿ ಒಗೆಯಿರಿ. ಪರಿಮಳಕ್ಕೆ ಹಾಕುವ ಕಂಡಿಷನರ್ ಬೇಡ, ಅದು ನೂಲಿನ ಮೇಲೆ ಪದರ ಕಟ್ಟಿ ಬೆವರು ಆರದಂತೆ ಮಾಡುತ್ತದೆ. ರಕ್ತದ ಕಲೆಗೆ ಬಿಸಿನೀರು ತಾಗಿಸಿದರೆ ಕಲೆ ನಿಂತೇ ಹೋಗುತ್ತದೆ, ತಣ್ಣೀರಿನಲ್ಲಿ ನೆನೆಹಾಕಿ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ನಿಯಮಗಳಲ್ಲಿ ರಕ್ತ ಹತ್ತಿದ ಬಟ್ಟೆಯಲ್ಲಿ ಆಡಲು ಬಿಡುವುದೇ ಇಲ್ಲ, ನೀವೂ ಅದನ್ನು ಪಾಲಿಸಿ.

ಒಗೆಯುವ ಕೆಲಸವನ್ನು ಪ್ರತಿ ಸಲ ಒಬ್ಬರ ಮನೆಯ ಹೆಂಗಸರ ಮೇಲೆ ಹೊರಿಸಬೇಡಿ. ಆಟಗಾರರೇ ಸರದಿ ಹಾಕಿಕೊಳ್ಳಿ, ಇಲ್ಲವೇ ಮಡಿವಾಳರಿಗೆ ಕೊಟ್ಟು ಅವರ ಕೂಲಿಯನ್ನು ತಂಡದ ಖರ್ಚಿನಲ್ಲೇ ಬರೆಯಿರಿ. ಮಳೆಗಾಲದಲ್ಲಿ ನೀರು ಚೆನ್ನಾಗಿ ಹಿಂಡಿ, ಒಣ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಫ್ಯಾನಿನ ಕೆಳಗೆ ಹರಡಿದರೆ ಬೆಳಗಿನೊಳಗೆ ಒಣಗುತ್ತದೆ. ಅಂಟಿಸಿದ ಸಂಖ್ಯೆ ಇರುವ ಜೆರ್ಸಿಯನ್ನು ಒಲೆಯ ಮೇಲಿನ ಹಗ್ಗಕ್ಕೆ ಮಾತ್ರ ಹಾಕಬೇಡಿ.