ಕೊಲಂಬಸ್‌ನಲ್ಲಿ ಮನೆ ಕೊಳ್ಳಬಹುದಾ ಅಂತ ಕೇಳಿದಿರಲ್ಲ

ಯುಗಾದಿ ಊಟದ ದಿನ ನೀವು ಕೇಳಿದ ಪ್ರಶ್ನೆಗೆ ಅಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಗದ್ದಲ ಜಾಸ್ತಿ ಇತ್ತು, ಅಷ್ಟರಲ್ಲಿ ಹೋಳಿಗೆ ಬಡಿಸುವವರೂ ಬಂದುಬಿಟ್ಟರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಹಾಗೆ ಹೊಸದಾಗಿ ಬಂದ ಬೇರೆಯವರಿಗೂ ಉಪಯೋಗಕ್ಕೆ ಬರಲಿ.

ನೀವು ಕೇಳಿದ್ದು ಇಷ್ಟು. ಅಮೆರಿಕಕ್ಕೆ ಬಂದು ಎರಡು ವರ್ಷ ಆಗಿದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಬಾಡಿಗೆಗೆ ಇದ್ದೀರಿ, ಇಲ್ಲಿ ಸ್ವಂತ ಮನೆ ಸದ್ಯಕ್ಕೆ ಕೈಗೆಟುಕುವುದಿಲ್ಲ. ಓಹಾಯೊದ ಕೊಲಂಬಸ್‌ನಲ್ಲಿ 2.4 ಲಕ್ಷ ಡಾಲರಿಗೆ ಮನೆ ಸಿಗುತ್ತೆ, ತಿಂಗಳಿಗೆ 1,900 ಬಾಡಿಗೆ ಬರುತ್ತೆ, ಎಲ್ಲ ನೋಡಿಕೊಳ್ಳಲು ಪ್ರಾಪರ್ಟಿ ಮ್ಯಾನೇಜರ್ ಇರುತ್ತಾರೆ ಎಂದು ಗೆಳೆಯರೊಬ್ಬರು ಹೇಳಿದ್ದಾರೆ. ಹೋಗಿ ನೋಡದೇ ಕೊಳ್ಳಬಹುದಾ? ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಇದ್ದು ಕೊಳ್ಳಬಹುದಾ? ಮನೆಯನ್ನು ಎಲ್‌ಎಲ್‌ಸಿ ಎಂಬ ಸಣ್ಣ ಕಂಪನಿಯ ಹೆಸರಲ್ಲಿ ಕೊಳ್ಳಬೇಕಾ? ತೆರಿಗೆ ಹೇಗೆ?

ಸಣ್ಣ ಉತ್ತರಗಳನ್ನು ಮೊದಲು ಮುಗಿಸುತ್ತೇನೆ.

ಎಚ್-1ಬಿಯಲ್ಲಿ ಮನೆ ಕೊಳ್ಳಲು ಅಡ್ಡಿ ಇಲ್ಲ, ಬಾಡಿಗೆಯನ್ನೂ ಪಡೆಯಬಹುದು. ಆದರೆ ನೀವೇ ನಿಂತು ಅದನ್ನೊಂದು ಉದ್ಯೋಗದ ಹಾಗೆ ನಡೆಸುವಂತಿಲ್ಲ. ಆ ಗೆರೆ ಎಲ್ಲಿದೆ ಅಂತ ವಕೀಲರನ್ನು ಕೇಳಿ. ಕೆಲಸ ಹೋದರೆ ಇಲ್ಲಿ ಉಳಿಯಲು ಸಿಗುವುದು ಹೆಚ್ಚೆಂದರೆ 60 ದಿನ. ಸಾಲದ ಕಂತು ಆಮೇಲೂ ಬರುತ್ತಲೇ ಇರುತ್ತದೆ. ಆರು ತಿಂಗಳ ಕಂತಿನಷ್ಟು ದುಡ್ಡು ಬೇರೆ ಎತ್ತಿಡಿ.

ಎಲ್‌ಎಲ್‌ಸಿ ಮಾಡಿದರೆ, ಮನೆ ಓಹಾಯೊದಲ್ಲಿದ್ದರೂ ನೀವು ಕ್ಯಾಲಿಫೋರ್ನಿಯಾದಲ್ಲಿ ಕೂತು ನಡೆಸುತ್ತೀರಿ. ಹಾಗಾಗಿ ಇಲ್ಲಿಗೆ ವರ್ಷಕ್ಕೆ ಕನಿಷ್ಠ 800 ಡಾಲರ್ ಕಟ್ಟಬೇಕು. ಒಂದೇ ಮನೆಗೆ ನಾನು ಮಾಡಲಿಲ್ಲ.

ಆದಾಯ ತೆರಿಗೆಗೆ ಓಹಾಯೊಗೂ ಲೆಕ್ಕ ಕೊಡಬೇಕು, ಕ್ಯಾಲಿಫೋರ್ನಿಯಾಗೂ ಕೊಡಬೇಕು. ಜಾಗದ ಬೆಲೆ ಬಿಟ್ಟು ಕಟ್ಟಡದ ಬೆಲೆಯನ್ನು 27.5 ವರ್ಷಕ್ಕೆ ಹಂಚಿ, ಕಟ್ಟಡ ಹಳೆಯದಾಗುವ ಸವಕಳಿ ಎಂದು ಬಾಡಿಗೆ ಆದಾಯದಿಂದ ಕಳೆಯಬಹುದು. ಮಾರುವಾಗ ಅದರ ಮೇಲೆ ತೆರಿಗೆ ವಾಪಸ್ ಕೇಳುತ್ತಾರೆ, ಅದು ನೆನಪಿರಲಿ. ಬಾಡಿಗೆಯ ನಷ್ಟವನ್ನು ತೆರಿಗೆ ಲೆಕ್ಕದಲ್ಲಿ ಸಂಬಳದಿಂದ ಕಳೆಯಬಹುದು ಅಂತ ಗೆಳೆಯರು ಹೇಳಿದರಂತೆ. ವರ್ಷಕ್ಕೆ 25,000 ಡಾಲರ್‌ವರೆಗೆ ಹೌದು. ಆದರೆ ಆದಾಯ 1 ಲಕ್ಷ ದಾಟಿದರೆ ಅದು ಕರಗುತ್ತಾ ಹೋಗಿ 1.5 ಲಕ್ಷಕ್ಕೆ ಪೂರ್ತಿ ನಿಲ್ಲುತ್ತದೆ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಅಂದರೆ ಅದು ನಿಮಗೆ ಸಿಗುವುದಿಲ್ಲ. ನಷ್ಟ ಮುಂದಿನ ವರ್ಷಗಳಿಗೆ ಹೋಗುತ್ತದೆ, ಅಷ್ಟೇ.

ಇಂಟೆಲ್ ಬರುತ್ತೆ, ಬೆಲೆ ಏರುತ್ತೆ ಎಂಬ ಮಾತು ಬೇರೆ. 2022ರಲ್ಲಿ ಕೊಲಂಬಸ್ ಪಕ್ಕದಲ್ಲಿ 20 ಬಿಲಿಯನ್ ಡಾಲರಿನ ಚಿಪ್ ಕಾರ್ಖಾನೆ ಎಂದು ಘೋಷಿಸಿದರು. 2025ಕ್ಕೆ ಶುರು ಅಂದಿದ್ದರು. ಆಮೇಲೆ ಅದು 2030ಕ್ಕೋ 2031ಕ್ಕೋ ಹೋಯಿತು. ಕಾರ್ಖಾನೆ ಬರುತ್ತೆ ಅಂತ ಸೈಟು ಕೊಂಡು ಕಾದವರನ್ನು ನಮ್ಮ ಊರುಗಳಲ್ಲಿ ನೀವೂ ನೋಡಿದ್ದೀರಿ, ಅಲ್ವಾ?

ಇನ್ನು ಉಳಿದಿದ್ದು ನಿಮ್ಮ ಮೊದಲನೇ ಪ್ರಶ್ನೆ. ನೋಡದೇ ಕೊಳ್ಳಬಹುದಾ? ಇದಕ್ಕೆ ನನ್ನ ಮನೆಯ ಕಥೆಯನ್ನೇ ಹೇಳಬೇಕು.

ನಾನು ಬಂದದ್ದು 2000ದ ಫೆಬ್ರವರಿ. ಎರಡು ಸೂಟ್‌ಕೇಸು, ಒಂದರಲ್ಲಿ ಅರ್ಧ ಚಟ್ನಿಪುಡಿ, ಸಾರಿನಪುಡಿ. ಸನಿವೇಲ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಜನ. ಮುಂದಿನ ವರ್ಷ ಕೆಲಸಗಳು ಹೋದವು, ಇಬ್ಬರು ಊರಿಗೆ ವಾಪಸಾದರು. ಬಾಡಿಗೆಯ ಚೆಕ್ ಬರೆಯುವಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಯಾಕೆಂದರೆ ನಾನು ಬಾಡಿಗೆ ಪಡೆಯುವವರ ಮನೆಯಲ್ಲಿ ಬೆಳೆದವನು. ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ನಮ್ಮದೊಂದು ವಠಾರ ಇತ್ತು. ಮುಂದೆ ನಾವು, ಹಿಂದೆ ನಾಲ್ಕು ಬಾಡಿಗೆ ಮನೆ. ಅಪ್ಪ ಪ್ರತಿ ತಿಂಗಳು ಐದನೇ ತಾರೀಕು ನೋಟ್‌ಬುಕ್ಕಿನಲ್ಲಿ ಬಾಡಿಗೆ ಬರೆದುಕೊಳ್ಳುತ್ತಿದ್ದರು. ಮಳೆಗಾಲಕ್ಕೆ ಮೊದಲು ಏಣಿ ಹತ್ತಿ ಹೆಂಚು ಸರಿಮಾಡುತ್ತಿದ್ದರು. ಅಂಚೆ ಇಲಾಖೆಯ ಒಬ್ಬರು ಅಲ್ಲಿ 19 ವರ್ಷ ಇದ್ದರು. ನಲ್ಲಿ ಸೋರಿದರೆ ಅಪ್ಪನಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು.

2014ರಲ್ಲಿ ನಾನು ಇಂಡಿಯಾನಾಪೊಲಿಸ್‌ನಲ್ಲಿ 92,000 ಡಾಲರಿಗೆ ಒಂದು ಮನೆ ಕೊಂಡೆ. ಶೇಕಡಾ 25 ಕೈಯಿಂದ, ಉಳಿದದ್ದು ಸಾಲ. ಬಾಡಿಗೆ 975. ಫೋಟೋ ನೋಡಿದೆ, ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿದೆ, ಸಹಿ ಮಾಡಿದೆ. ಹೋಗಿ ನೋಡಲಿಲ್ಲ. ಮೊದಲ ತಿಂಗಳ ಬಾಡಿಗೆ ಬಂದ ದಿನ ಅಪ್ಪನಿಗೆ ಫೋನ್ ಮಾಡಿ ಹೇಳಿದಾಗ ಆದ ಹೆಮ್ಮೆ ಈಗಲೂ ನೆನಪಿದೆ.

ಮೊದಲ ಪೆಟ್ಟು ಆಸ್ತಿ ತೆರಿಗೆಯಿಂದ ಬಂತು. ಇಂಡಿಯಾನಾದಲ್ಲಿ ತಾವೇ ವಾಸಿಸುವ ಮನೆಗೆ ತೆರಿಗೆಯ ಮಿತಿ ಬೆಲೆಯ ಶೇಕಡಾ 1. ಬಾಡಿಗೆಗೆ ಕೊಟ್ಟ ಮನೆಗೆ ಶೇಕಡಾ 2. ನಾನು ಲೆಕ್ಕಕ್ಕೆ ತೆಗೆದುಕೊಂಡಿದ್ದು ಮಾರಿದವರ ಬಿಲ್, ಅವರು ಅಲ್ಲೇ ವಾಸವಿದ್ದವರು. ಅಲ್ಲಿ ಈ ವರ್ಷದ ತೆರಿಗೆಯನ್ನು ಮುಂದಿನ ವರ್ಷ ಕಟ್ಟುವುದು. ಹಾಗಾಗಿ ತಪ್ಪು ಗೊತ್ತಾಗುವಷ್ಟರಲ್ಲಿ ಒಂದು ವರ್ಷದ ಮೇಲಾಗಿತ್ತು. ಓಹಾಯೊದಲ್ಲೂ ತೆರಿಗೆ ಹೀಗೆ ಹಿಂದಿನಿಂದ ಬರುತ್ತದೆ. ಆರು ವರ್ಷಕ್ಕೊಮ್ಮೆ ಮನೆಗಳ ಬೆಲೆ ಹೊಸದಾಗಿ ಕಟ್ಟುತ್ತಾರೆ, ನಡುವೆ ಮೂರನೇ ವರ್ಷ ಒಮ್ಮೆ ತಿದ್ದುತ್ತಾರೆ. ನಾವು ಕ್ಯಾಲಿಫೋರ್ನಿಯಾದವರು ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇಕಡಾ 2ಕ್ಕಿಂತ ಏರದು ಎಂಬ 1978ರ ಕಾನೂನಿಗೆ ಒಗ್ಗಿಹೋಗಿರುತ್ತೇವೆ. ಅದು ಇಲ್ಲಿಗೆ ಮಾತ್ರ. ಕೌಂಟಿ, ಅಂದರೆ ಅಲ್ಲಿನ ಜಿಲ್ಲೆಯ ಆಫೀಸಿಗೆ ಫೋನ್ ಮಾಡಿ, ಬಾಡಿಗೆ ಮನೆ ಆದರೆ ಎಷ್ಟು ಅಂತ ಕೇಳಿ.

ಆ ಪೆಟ್ಟು ತಡೆದುಕೊಂಡೆ. ನನಗೆ ಇವತ್ತಿಗೂ ನೋಯುವುದು ಬೇರೆ.

ಮನೆಗೆ ಬಂದ ಮೊದಲ ಬಾಡಿಗೆದಾರರು ಅರವತ್ತರ ಹತ್ತಿರದ ಒಬ್ಬ ಹೆಂಗಸು. ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಬಾಡಿಗೆ ಒಂದು ದಿನ ತಡವಾಗಲಿಲ್ಲ. ಚಳಿ ಜಾಸ್ತಿ ಅಂತ ಸುದ್ದಿ ಬಂದರೆ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಟ್ಟು, ಸಿಂಕಿನ ಕೆಳಗಿನ ಬಾಗಿಲು ತೆರೆದಿಟ್ಟು, ಅದರ ಫೋಟೋ ಕಳಿಸುತ್ತಿದ್ದರು. ಪೈಪಿಗೆ ಬಿಸಿಗಾಳಿ ತಾಗಲಿ ಅಂತ. ಮೈಸೂರಿನಿಂದ ಬಂದ ನನಗೆ ಇದೆಲ್ಲ ಎಲ್ಲಿ ಗೊತ್ತು?

2018ರಲ್ಲಿ ಮ್ಯಾನೇಜರ್ ಬರೆದರು, ಸುತ್ತಮುತ್ತ 1,100 ನಡೀತಿದೆ, ನೀವು ಏರಿಸಿ ಅಂತ. ನಾನು ಹೂಂ ಅಂದೆ. ತಿಂಗಳಿಗೆ 125, ವರ್ಷಕ್ಕೆ 1,500. ಆಕೆಗೆ ಅಷ್ಟು ಕೊಡಲು ಆಗಲಿಲ್ಲ. ನವೆಂಬರ್ ಕೊನೆಗೆ ಮನೆ ಬಿಟ್ಟರು. ಒಂದು ತಿಂಗಳು ಮನೆ ಖಾಲಿ ಬಿದ್ದರೆ 1,100 ಹೋಯಿತು, ಹೊಸಬರನ್ನು ತರಲು ಮ್ಯಾನೇಜರಿಗೆ ಅರ್ಧ ತಿಂಗಳ ಬಾಡಿಗೆ 550. ಏರಿಸಿದ್ದು ಅಲ್ಲಿಗೇ ಮುಗಿಯಿತು. ತಿಂಗಳ ಬಾಡಿಗೆಯ ಶೇಕಡಾ 10ರ ಜೊತೆಗೆ, ಬಾಡಿಗೆದಾರರು ಬದಲಾದಾಗಲೆಲ್ಲ ಮ್ಯಾನೇಜರಿಗೆ ದುಡ್ಡು ಸಿಗುತ್ತದೆ ಎಂಬುದು ಕರಾರಿನಲ್ಲೇ ಇತ್ತು. ನಾನು ಅದನ್ನು ಓದಿದ್ದೆ, ಆದರೆ ಯೋಚಿಸಿರಲಿಲ್ಲ.

ಅಪ್ಪನಿಗೆ ಹೇಳಿದೆ. "ಎಷ್ಟು ವರ್ಷದಿಂದ ಇದ್ದರು?" ಅಂದರು. ನಾಲ್ಕು ಅಂದೆ. ಅವರು ಮುಂದೆ ಏನೂ ಹೇಳಲಿಲ್ಲ.

ಆಕೆ ಹೋಗುವಾಗ ತನ್ನ ಹೆಸರಿನ ಗ್ಯಾಸ್ ಸಂಪರ್ಕ ನಿಲ್ಲಿಸಿದರು. ಮ್ಯಾನೇಜರಿಗೆ ತಿಳಿಸಿಯೇ ನಿಲ್ಲಿಸಿದ್ದು. ನನ್ನ ಹೆಸರಿಗೆ ಅದನ್ನು ಯಾರೂ ಮಾಡಿಸಲಿಲ್ಲ, ನಾನೂ ಕೇಳಲಿಲ್ಲ. ಗ್ಯಾಸ್ ಇಲ್ಲ ಅಂದರೆ ಮನೆಗೆ ಬಿಸಿ ಇಲ್ಲ. 2019ರ ಜನವರಿ 30ಕ್ಕೆ ಧ್ರುವದ ಗಾಳಿ ಇಳಿದು ಆ ಭಾಗವೆಲ್ಲ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋಯಿತು. ಮಹಡಿಯ ಪೈಪ್ ಒಡೆಯಿತು. ನೀರು ಎಷ್ಟು ದಿನ ಹರಿಯಿತೋ ಗೊತ್ತಿಲ್ಲ. ಹೊರಗೋಡೆ ಮೇಲೆ ಮಂಜುಗಡ್ಡೆ ಕಟ್ಟಿದ್ದನ್ನು ಪಕ್ಕದ ಮನೆಯವರು ನೋಡಿ ಆಕೆಗೆ ಫೋನ್ ಮಾಡಿದರು. ಅವರ ಹತ್ತಿರ ಇದ್ದದ್ದು ಆಕೆಯ ನಂಬರ್, ನನ್ನದಲ್ಲ. ಆಕೆ ನನಗೆ ಫೋನ್ ಮಾಡಿದರು. ಮನೆ ಬಿಡಿಸಿದವನಿಗೆ ಫೋನ್ ಮಾಡಿದರು.

ವಿಮೆಯವರು ದುಡ್ಡು ಕೊಡಲಿಲ್ಲ. ಮನೆ 60 ದಿನಕ್ಕಿಂತ ಜಾಸ್ತಿ ಖಾಲಿ ಇತ್ತು, ಬಿಸಿಯೂ ಇರಲಿಲ್ಲ. ಎರಡೂ ಷರತ್ತು ಪಾಲಿಸಿಯಲ್ಲಿ ಬರೆದಿತ್ತು. 31,000 ಡಾಲರ್ ಕೈಯಿಂದ ಹೋಯಿತು. ಕೆಲವು ಪಾಲಿಸಿಗಳಲ್ಲಿ 30 ದಿನಕ್ಕೇ ಈ ಷರತ್ತು ಬರುತ್ತದೆ. ಕೊಳ್ಳುವ ಮುಂಚೆ ಆ ಸಾಲನ್ನು ಹುಡುಕಿ ಓದಿ.

ಫೆಬ್ರವರಿಯಲ್ಲಿ ಮೊದಲ ಸಲ ನನ್ನ ಮನೆ ನೋಡಿದೆ. ಕೊಂಡು ಐದು ವರ್ಷವಾಗಿತ್ತು. ಒದ್ದೆ ಕಾರ್ಪೆಟ್ಟಿನ ವಾಸನೆ. ಮೇಲಿನ ಚಾವಣಿ ಅಡುಗೆಮನೆಗೆ ಬಿದ್ದಿತ್ತು. ನೆಲಮಾಳಿಗೆಗೆ ಇಳಿದರೆ ಮನೆ ಬಿಸಿ ಮಾಡುವ ಫರ್ನೇಸ್ ಮೇಲೆ ಒಂದು ಟೇಪ್ ಅಂಟಿಸಿತ್ತು. ಫಿಲ್ಟರ್ ಬದಲಿಸಿದ ತಾರೀಕುಗಳನ್ನು ಆಕೆ ಪೆನ್ಸಿಲ್‌ನಲ್ಲಿ ಸಾಲಾಗಿ ಬರೆದಿದ್ದರು, ಮೂರು ತಿಂಗಳಿಗೊಂದು. ಕೊನೆಯದು 2018ರ ಅಕ್ಟೋಬರ್. ಅಪ್ಪನ ನೋಟ್‌ಬುಕ್ ನೆನಪಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ರಿಪೇರಿ ಆದಮೇಲೆ ಹಳೇ ಬಾಡಿಗೆಗೇ ವಾಪಸ್ ಬನ್ನಿ ಅಂತ ಆಕೆಯನ್ನು ಕೇಳಿದೆ. ಬೇರೆ ಕಡೆ ಬಾಡಿಗೆ ಕರಾರು ಬರೆದಾಗಿತ್ತು.

ಅಪ್ಪ 2015ರಲ್ಲಿ ಬಂದು ಆರು ತಿಂಗಳು ನಮ್ಮ ಜೊತೆ ಇದ್ದರು. "ನಿನ್ನ ಬಾಡಿಗೆ ಮನೆ ನೋಡಿಕೊಂಡು ಬರೋಣ" ಅಂತ ಎರಡು ಸಲ ಕೇಳಿದ್ದರು. ಸುಮ್ನೆ ವಿಮಾನಕ್ಕೆ ದುಡ್ಡು ಯಾಕೆ, ಅಲ್ಲೇನಿದೆ ನೋಡೋದಕ್ಕೆ ಅಂದಿದ್ದೆ. ಅವರು ಬಂದಿದ್ದರೆ ಪಕ್ಕದ ಮನೆಯವರ ಬಾಗಿಲು ತಟ್ಟಿ ಪರಿಚಯ ಮಾಡಿಕೊಂಡೇ ಬರುತ್ತಿದ್ದರು. ಇಂಗ್ಲಿಷ್ ಎಷ್ಟು ಬರುತ್ತಿತ್ತೋ ಅಷ್ಟರಲ್ಲೇ. ಈಗ ಅವರಿಲ್ಲ.

ಹಾಗಾಗಿ ನೋಡದೇ ಕೊಳ್ಳಬೇಡಿ. ನೋಡಿ ಕೊಂಡಮೇಲೂ ಹೋಗುತ್ತಿರಿ. ಪಕ್ಕದ ಮನೆಯವರಿಗೆ ನಿಮ್ಮ ನಂಬರ್ ಕೊಡಿ. ಹಳೇ ಮನೆಯಾದರೆ ಒಳಚರಂಡಿ ಪೈಪಿಗೆ ಕ್ಯಾಮೆರಾ ಬಿಟ್ಟು ನೋಡಿಸಿ, ಮರದ ಬೇರು ನುಗ್ಗಿರುತ್ತದೆ. 1978ಕ್ಕೆ ಮುಂಚೆ ಕಟ್ಟಿದ್ದಾದರೆ ಗೋಡೆಯ ಬಣ್ಣದಲ್ಲಿ ಸೀಸ ಇರಬಹುದು, ಅದು ಮಕ್ಕಳಿಗೆ ಅಪಾಯ, ಮಕ್ಕಳಿರುವವರೂ ಬಾಡಿಗೆಗೆ ಬರುತ್ತಾರೆ. ನಮ್ಮ ಬೆಂಗಳೂರಿನ ಹಾಗೆ ಹತ್ತು ತಿಂಗಳ ಮುಂಗಡ ಇಲ್ಲಿ ಸಿಗುವುದಿಲ್ಲ, ಸಾಮಾನ್ಯವಾಗಿ ಒಂದು ತಿಂಗಳದ್ದು. ಒಳ್ಳೆಯವರು ಸಿಕ್ಕರೆ ಬಾಡಿಗೆ ಸ್ವಲ್ಪ ಕಡಿಮೆಯಾದರೂ ಉಳಿಸಿಕೊಳ್ಳಿ. ಈಗ ಇರುವ ಸಂಸಾರಕ್ಕೆ ನಾನು ಮೂರು ವರ್ಷದಿಂದ ಏರಿಸಿಲ್ಲ.

ಪ್ರತಿ ಅಕ್ಟೋಬರ್‌ನಲ್ಲಿ, ಚಳಿಗೆ ಮುಂಚೆ, ಒಂದು ಸಲ ಹೋಗಿ ಬರುತ್ತೇನೆ. ಇಂಡಿಯಾನಾಪೊಲಿಸ್‌ನಿಂದ ಕೊಲಂಬಸ್‌ಗೆ ಐ-70 ಹೆದ್ದಾರಿ ಹಿಡಿದರೆ ಮೂರು ಗಂಟೆ ದಾರಿ. ಈ ಸಲ ನೀವೂ ಬನ್ನಿ. ಮೊದಲು ನನ್ನ ಮನೆ, ಆಮೇಲೆ ನಿಮ್ಮ ಗೆಳೆಯರು ಹೇಳಿದ ಬೀದಿ. ಹಗಲು ಒಮ್ಮೆ ನೋಡೋಣ, ರಾತ್ರಿ ಎಂಟಕ್ಕೆ ಇನ್ನೊಮ್ಮೆ ಕಾರು ನಿಲ್ಲಿಸಿ ಕೂರೋಣ. ದಪ್ಪ ಸ್ವೆಟರ್ ತನ್ನಿ. ಚಪಾತಿ, ಚಟ್ನಿಪುಡಿ ನಮ್ಮ ಮನೆಯಿಂದ ಕಟ್ಟಿಸಿಕೊಂಡು ಬರುತ್ತೇನೆ.